ರೊಟ್ಟಿಯ ಸದ್ದು ಹಿಡಿದು

ಒಳ್ಳೆಯ ಖಾನಾವಳಿಗೆ ದೊಡ್ಡ ಬೋರ್ಡು ಬೇಕಿಲ್ಲ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿರಬೇಕು, ಕೈ ತೊಳೆಯುವ ನಲ್ಲಿಯ ಹತ್ತಿರ ಹೆಗಲಿಗೆ ಟವೆಲು ಹಾಕಿಕೊಂಡ ನಾಲ್ಕು ಜನ ನಿಂತಿರಬೇಕು. ಇಷ್ಟು ಕಂಡರೆ ನಾನು ಬೇರೇನೂ ವಿಚಾರಿಸದೆ ಒಳಗೆ ಹೋಗಿ ಕೂರುತ್ತೇನೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ವಿಜಯನಗರ ಜಿಲ್ಲೆಯ ಈ ಐದು ಊರುಗಳಲ್ಲಿ ಕೆಲಸದ ಮೇಲೆ ವರ್ಷಗಟ್ಟಲೆ ತಿರುಗಿದ್ದೇನೆ. ಬೆಳಗಿನ ತಿಂಡಿ ಮನೆಯಲ್ಲಿ, ರಾತ್ರಿಯ ಊಟ ಮನೆಯಲ್ಲಿ. ನಡುವಿನ ಒಂದು ಊಟ ಮಾತ್ರ ಊರಿನ ಪಾಲಿನದು. ಆ ಊಟ ಹೊಟ್ಟೆ ತುಂಬಿಸಬೇಕು, ಮಧ್ಯಾಹ್ನದ ಕೆಲಸಕ್ಕೆ ನಿದ್ದೆ ತರಬಾರದು, ನೂರರ ನೋಟು ಕೊಟ್ಟರೆ ಒಂದಿಷ್ಟು ಚಿಲ್ಲರೆ ವಾಪಸ್ ಬರಬೇಕು. ಈ ಮೂರೂ ಕೂಡಿಬರುವ ಜಾಗ ಹುಡುಕುವುದು ಬರಬರುತ್ತಾ ನನಗೆ ಅಚ್ಚುಮೆಚ್ಚಿನ ಹವ್ಯಾಸವಾಗಿಬಿಟ್ಟಿತು. ಯಾವ ಊರಿನ ಕೆಲಸ ಬಂದರೂ ಮೊದಲು ನೆನಪಾಗುವುದು ಅಲ್ಲಿನ ತಟ್ಟೆ.

ಈ ಹುಡುಕಾಟದಲ್ಲಿ ಯಾರನ್ನು ಕೇಳಬೇಕು ಎಂಬುದೇ ಮುಖ್ಯ. ಲಾಡ್ಜಿನವರನ್ನು ಕೇಳಿದರೆ ಗಾಜಿನ ಬಾಗಿಲಿನ ಹೋಟೆಲು ತೋರಿಸುತ್ತಾರೆ. ನಾನು ಕೇಳುವುದು ಎಪಿಎಂಸಿ ಹಮಾಲರನ್ನು, ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆಯುವವರನ್ನು, ಬಸ್ ಸ್ಟ್ಯಾಂಡಿನ ಕಂಡಕ್ಟರುಗಳನ್ನು. ಶೇಂಗಾ, ಮೆಕ್ಕೆಜೋಳದ ಸೀಸನ್ನಿನಲ್ಲಿ ಕೊಟ್ಟೂರಿನ ಮಾರುಕಟ್ಟೆಗೆ ಹೋಗಿ ನೋಡಬೇಕು. ಬೆಳಗಿನಿಂದ ಬೆನ್ನ ಮೇಲೆ ಚೀಲ ಹೊತ್ತವನು ಉಣ್ಣುವ ಊಟ ಸಂಜೆಯವರೆಗೆ ತಡೆಯಬೇಕು. ಅದರ ದುಡ್ಡು ಅವನ ದಿನಗೂಲಿಯಿಂದಲೇ ಹೋಗಬೇಕು. ಅಂಥವನು ದಿನಾ ಹೋಗುವ ಜಾಗದಲ್ಲಿ ಸಾರು ನೀರಾಗಿದ್ದರೆ ಮರುದಿನ ಅವನು ಬರುವುದಿಲ್ಲ, ಅವನ ಜೊತೆಯವರೂ ಬರುವುದಿಲ್ಲ. ಊಟ ಪರೀಕ್ಷೆ ಮಾಡಲು ಅವನಿಗಿಂತ ದೊಡ್ಡ ಅಧಿಕಾರಿ ನನಗೆ ಗೊತ್ತಿಲ್ಲ.

“ಯಣ್ಣಾ, ಇಲ್ಲಿ ರೊಟ್ಟಿ ಊಟ ಎಲ್ಲಿ ಚಲೋ ಐತಿ?” ಎಂದು ಕೇಳಿದರೆ ಅವರು ಬೆರಳು ತೋರಿಸಿ ಸುಮ್ಮನಾಗುವುದಿಲ್ಲ. “ಅಲ್ಲಿಗೆ ಹೋಗ್ರಿ, ಆದ್ರ ಒಂದರೊಳಗ ಹೋಗ್ರಿ, ಆಮ್ಯಾಲೆ ಪಲ್ಯ ಸಿಗಂಗಿಲ್ಲ” ಎಂದು ವೇಳೆಯನ್ನೂ ಹೇಳುತ್ತಾರೆ. ಆ ವೇಳೆಯ ಮಾತು ವಿಳಾಸಕ್ಕಿಂತ ಹೆಚ್ಚು ಬೆಲೆಬಾಳುತ್ತದೆ. ಹನ್ನೆರಡೂವರೆಯಿಂದ ಒಂದೂವರೆಯ ಒಳಗೆ ಸಿಗುವ ಊಟವೇ ಬೇರೆ, ಎರಡೂವರೆಗೆ ಸಿಗುವ ಊಟವೇ ಬೇರೆ.

ಐದು ಊರುಗಳೂ ಒಂದೇ ಸೀಮೆಯವು, ಬಸ್ಸಿನಲ್ಲಿ ಒಂದರಿಂದ ಒಂದಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಆದರೆ ತಟ್ಟೆ ಬದಲಾಗುತ್ತಾ ಹೋಗುತ್ತದೆ. ಚಿತ್ರದುರ್ಗದ ಕಡೆಯಿಂದ ಬಂದವರಿಗೆ ಕೂಡ್ಲಿಗಿಯಲ್ಲಿ ಇನ್ನೂ ಮುದ್ದೆ ಸಿಗುತ್ತದೆ. ಮೊಳಕಾಲ್ಮುರು, ಜಗಳೂರು ಪಕ್ಕದಲ್ಲೇ ಇವೆ, ಕೆಂಪು ನೆಲದಲ್ಲಿ ರಾಗಿ ಬೆಳೆಯುತ್ತದೆ. ರಾಗಿಯದಲ್ಲದೆ ಜೋಳದ ಮುದ್ದೆಯೂ ಈ ಸೀಮೆಯಲ್ಲಿ ಉಂಟು. ಬಿಸಿ ಜೋಳದ ಮುದ್ದೆಗೆ ಸೊಪ್ಪಿನ ಸಾರು ಹಾಕಿಕೊಂಡು ಉಂಡವರಿಗೆ ಅದರ ಹಗುರು ಗೊತ್ತು. ಅಲ್ಲಿಂದ ಉತ್ತರಕ್ಕೆ, ಪಶ್ಚಿಮಕ್ಕೆ ಸರಿದಂತೆ ಮುದ್ದೆ ಹಿಂದಾಗಿ ರೊಟ್ಟಿ ಮುಂದೆ ಬರುತ್ತದೆ. ಹಡಗಲಿಗೆ ಬಂದರೆ ತುಂಗಭದ್ರೆಯ ಆಚೆ ದಡದಲ್ಲಿ ಗದಗ, ಹಾವೇರಿ ಜಿಲ್ಲೆಗಳು; ಅಲ್ಲಿನ ಖಾನಾವಳಿಯ ಪದ್ಧತಿ ಹೊಳೆ ದಾಟಿ ಇತ್ತ ನಿಂತಿದೆ. ಹರಪನಹಳ್ಳಿಗೆ ದಾವಣಗೆರೆ ಹತ್ತಿರ, ಅಲ್ಲಿ ಬೆಣ್ಣೆ ದೋಸೆಯ ವಾಸನೆ ಬೀದಿಗೆ ಬರುತ್ತದೆ.

ಇದಕ್ಕೆ ಚರಿತ್ರೆಯೂ ಕಾರಣ. 1953ರ ಅಕ್ಟೋಬರ್ 1ರವರೆಗೆ ಈ ಊರುಗಳು ಮದ್ರಾಸ್ ರಾಜ್ಯದಲ್ಲಿದ್ದವು. ಹೊಳೆಯಾಚೆ ಮುಂಬೈ ಪ್ರಾಂತ್ಯ, ದಕ್ಷಿಣಕ್ಕೆ ಮೈಸೂರು, ಪೂರ್ವಕ್ಕೆ ತೆಲುಗು ಸೀಮೆ. ಆಡಳಿತದ ಗಡಿ ಆಮೇಲೂ ಸುಮ್ಮನಿರಲಿಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅಡುಗೆಮನೆ ಮಾತ್ರ ಯಾವ ಜಿಲ್ಲೆಯನ್ನೂ ಬಿಟ್ಟುಕೊಡಲಿಲ್ಲ, ಎಲ್ಲದರಿಂದಲೂ ಒಂದಿಷ್ಟು ಇಟ್ಟುಕೊಂಡಿತು. ಒಂದೇ ತಟ್ಟೆಯಲ್ಲಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಬೇಳೆ, ಆಂಧ್ರದ ಖಾರದ ಉಪ್ಪಿನಕಾಯಿ, ಕೊನೆಗೆ ಅನ್ನ-ಸಾರು-ಮಜ್ಜಿಗೆ ಬಂದರೆ ಈ ಕಡೆ ಯಾರೂ ಬೆರಗಾಗುವುದಿಲ್ಲ.

ರೊಟ್ಟಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಜಾಗ ಸಿಕ್ಕರೆ ನಾನು ಅಡುಗೆಮನೆ ಕಾಣುವ ಕಡೆಯೇ ಕೂರುತ್ತೇನೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ಎಸರು ಬಿದ್ದಾಗ ಮಾತ್ರ ಅದು ಒಂದಕ್ಕೊಂದು ಹಿಡಿಯುತ್ತದೆ. ರೊಟ್ಟಿ ಮಾಡುವ ಅಕ್ಕ ಹಿಟ್ಟನ್ನು ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾಳೆ, ಉಂಡೆ ಮಾಡಿ ಒಣಹಿಟ್ಟಿನ ಮೇಲೆ ಇಟ್ಟು ಬಡಿಯಲು ಶುರುಮಾಡುತ್ತಾಳೆ. ಬಡಿಯುತ್ತಿದ್ದಂತೆ ರೊಟ್ಟಿ ತಾನೇ ತಿರುಗುತ್ತದೆ, ಅವಳು ಅದನ್ನು ತಿರುಗಿಸುವುದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಎತ್ತಿ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರುತ್ತಾಳೆ. ನೀರು ಆರುವ ಗಳಿಗೆಗೆ ಮಗುಚಬೇಕು; ಮುಂಚೆಯಾದರೆ ಹಿಟ್ಟು ಹಂಚಿಗೆ ಅಂಟುತ್ತದೆ, ತಡವಾದರೆ ಮೇಲೆ ಬಿರುಕು. ಸರಿಯಾದ ಗಳಿಗೆಗೆ ಮಗುಚಿ ಬೆಂಕಿಗೆ ಒಡ್ಡಿದ ರೊಟ್ಟಿ ಪೂರ್ತಿ ಉಬ್ಬುತ್ತದೆ, ಒಳಗಿನ ಹಬೆ ಒಂದು ಕಡೆ ತೂತು ಮಾಡಿಕೊಂಡು ಹೊರಬರುತ್ತದೆ.

ತಟ್ಟೆಗೆ ಬಂದ ರೊಟ್ಟಿಯ ಅಂಚನ್ನು ನಾನು ಮೊದಲು ನೋಡುತ್ತೇನೆ. ಅಂಚು ಸೀಳಿದ್ದರೆ ಹಿಟ್ಟು ಬೀಸಿಸಿ ಬಹಳ ದಿನವಾಗಿದೆ, ಜಿಗಿ ಹೋಗಿದೆ ಎಂದರ್ಥ. ಅಂಚು ದುಂಡಗಿದ್ದು, ಮುರಿದರೆ ಪದರ ಬಿಡುವಂತಿದ್ದರೆ ಒಳ್ಳೆಯ ಹಿಂಗಾರು ಜೋಳ, ಬಹುಶಃ ಮಾಲ್ದಂಡಿ. ಅಂಥ ರೊಟ್ಟಿ ಹಾಕುವ ಕಡೆ ಪಲ್ಯ ಕೆಟ್ಟದ್ದಿರುವುದು ಅಪರೂಪ. ಹಿಟ್ಟಿನ ಮೇಲೆ ಕಾಳಜಿ ಇರುವವರು ಬದನೆಕಾಯಿಯನ್ನೂ ಆರಿಸಿಯೇ ತಂದಿರುತ್ತಾರೆ. ಪಕ್ಕದಲ್ಲಿ ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಅದರ ಮೇಲೆ ಗಟ್ಟಿ ಮೊಸರು. ಹಸಿ ಈರುಳ್ಳಿ, ಮೆಂತ್ಯೆ ಸೊಪ್ಪಿನ ಒಂದು ಕಂತೆ. ಇವುಗಳಿಗೆ ಬೇರೆ ದುಡ್ಡಿಲ್ಲ. “ಇನ್ನೊಂದು ಹಾಕ್ಲೇನ್ರಿ?” ಎಂದು ಕೇಳುವ ದನಿಗೂ ಇಲ್ಲ.

ಕೊಟ್ಟೂರಿಗೆ ಹೋದ ದಿನ ನನ್ನ ಲೆಕ್ಕ ಬದಲಾಗುತ್ತದೆ. ಅಲ್ಲಿ ಮಂಡಕ್ಕಿ-ಮಿರ್ಚಿ ಇದೆ. ಇದನ್ನು ಸಂಜೆಯ ತಿನಿಸು ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಒಗ್ಗರಣೆ ಮಂಡಕ್ಕಿ ಒಂದು ತಟ್ಟೆ, ಎರಡು ಬಿಸಿ ಮಿರ್ಚಿ, ಮೇಲೆ ಒಂದು ಚಹಾ ಆದರೆ ಹಗುರಾದ ಮಧ್ಯಾಹ್ನಕ್ಕೆ ಅದು ಪೂರ್ತಿ ಊಟ. ಮಂಡಕ್ಕಿ ನೀರಿನಲ್ಲಿ ಅದ್ದಿ ತಕ್ಷಣ ಹಿಂಡಬೇಕು. ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನ, ಶೇಂಗಾ ಬಿದ್ದ ಒಗ್ಗರಣೆಗೆ ಅದನ್ನು ಹಾಕಿ ಪುಟಾಣಿ ಹಿಟ್ಟು ಉದುರಿಸಿದರೆ ಉಳಿದ ತೇವವನ್ನು ಆ ಹಿಟ್ಟು ಹೀರಿಕೊಳ್ಳುತ್ತದೆ. ಪುಟಾಣಿ ಹಿಟ್ಟಿನಲ್ಲಿ ಕೈ ಬಿಗಿ ಹಿಡಿದರೆ ಮಂಡಕ್ಕಿ ಮುದ್ದೆಯಾಗುತ್ತದೆ. ಮಿರ್ಚಿಗೆ ದಪ್ಪನೆಯ, ಖಾರ ಕಮ್ಮಿಯ ಮೆಣಸಿನಕಾಯಿ. ಹೊಟ್ಟೆ ಸೀಳಿ ಓಮ, ಜೀರಿಗೆ, ಉಪ್ಪು ಸವರಿ ಕಡಲೆಹಿಟ್ಟಿನಲ್ಲಿ ಅದ್ದಿ ಬಿಡುತ್ತಾರೆ. ಬಾಣಲೆಯ ಮುಂದೆ ನಿಂತೇ ತಿನ್ನಬೇಕು. ಕೊಟ್ಟೂರೇಶ್ವರನ ರಥೋತ್ಸವದ ಹೊತ್ತಿಗೆ, ದಾವಣಗೆರೆ ಕಡೆಯಿಂದ ಪಾದಯಾತ್ರೆಯಲ್ಲಿ ಬರುವವರಿಗೆ ದಾರಿಯುದ್ದಕ್ಕೂ ಜನ ಅನ್ನ, ಮಜ್ಜಿಗೆ, ತಿಂಡಿ ಕರೆದು ಕರೆದು ಕೊಡುತ್ತಾರೆ. ಆಗ ಊಟ ಹುಡುಕುವ ಕೆಲಸವೇ ಇರುವುದಿಲ್ಲ, ಊಟವೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ.

ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆ ಮಾಂಸಾಹಾರಿಗಳಿಗೆ ಇನ್ನೊಂದು ಸುಖವಿದೆ, ಹೊಳೆ ಮೀನು. ತುಂಗಭದ್ರೆಯ ಹೊಸ ಮೀನು ಬಂದ ದಿನ ಸಣ್ಣ ಮಿಲ್ಟ್ರಿ ಹೋಟೆಲುಗಳಲ್ಲಿ ಮೊದಲು ಖಾಲಿಯಾಗುವುದು ಅದೇ. ಫ್ರಿಜ್ಜಿನಲ್ಲಿಟ್ಟ ಮೀನೋ ಇವತ್ತಿನದೋ ಎಂದು ನೇರವಾಗಿ ಕೇಳಿ. ಇವತ್ತಿನದಾದರೆ ಹೇಳುವವರ ಮುಖವೇ ಅರಳುತ್ತದೆ. ಹಡಗಲಿಯಲ್ಲಿ ಉಂಡ ಮೇಲೆ ಮನೆಗೊಂದು ಮೊಳ ಮಲ್ಲಿಗೆ ಕೊಳ್ಳುವುದನ್ನು ನಾನು ಬಿಟ್ಟಿಲ್ಲ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಊಟದ ಜಾಗಗಳಿಗೆ ಅಂಥ ಮಾನ್ಯತೆ ಯಾರೂ ಕೊಡುವುದಿಲ್ಲ, ನಾವೇ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು.

ಪಾರ್ಸೆಲ್ಲಿನ ವಿಷಯದಲ್ಲಿ ನನ್ನದು ಸ್ವಲ್ಪ ಕಟ್ಟುನಿಟ್ಟು. ಕುದಿಯುವ ಸಾರನ್ನು ತೆಳ್ಳನೆಯ ಪ್ಲಾಸ್ಟಿಕ್ ಚೀಲಕ್ಕೆ ಸುರಿದು ದಾರ ಕಟ್ಟಿ ಕೊಡುವುದು ಇನ್ನೂ ನಿಂತಿಲ್ಲ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಚೀಲ ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ಸಾಮಾನಿಗೆ ದೇಶದಲ್ಲೆಲ್ಲ ನಿಷೇಧ ಬಂತು. ಎಣ್ಣೆಯ ಮಿರ್ಚಿಯನ್ನು ಅಚ್ಚಿನ ಮಸಿಯ ಪೇಪರಿನಲ್ಲಿ ಸುತ್ತಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರವೂ ಹೇಳಿದೆ. ಆದರೆ ಬಡಪಾಯಿ ಅಂಗಡಿಯವನ ಮೇಲೆ ಮಾತ್ರ ಎಲ್ಲವನ್ನೂ ಹೊರಿಸುವುದು ನ್ಯಾಯವಲ್ಲ. ನನ್ನ ಚೀಲದಲ್ಲಿ ಯಾವಾಗಲೂ ಎರಡು ಸ್ಟೀಲ್ ಡಬ್ಬಿ, ಒಂದು ದೊಡ್ಡ ಹತ್ತಿ ಬಟ್ಟೆ ಇರುತ್ತವೆ. ಡಬ್ಬಿಗಳಲ್ಲಿ ಪಲ್ಯ, ಬೇಳೆ, ಬಟ್ಟೆಯಲ್ಲಿ ರೊಟ್ಟಿ. ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ ಬೆವರುವುದಿಲ್ಲ, ಸಂಜೆಗೂ ಮೆತ್ತಗೆ ಇರುತ್ತದೆ. ಡಬ್ಬಿ ಕಂಡರೆ ಅಕ್ಕಂದಿರಿಗೂ ಖುಷಿ. ಸೌಟು ಒಂದು ಸಲ ಹೆಚ್ಚೇ ಬೀಳುತ್ತದೆ. ದೂರದ ಊರಿಗಾದರೆ ಒಣಗಿಸಿದ ಕಟಿ ರೊಟ್ಟಿ ಕಟ್ಟಿಸಿಕೊಳ್ಳಬೇಕು, ಅದು ವಾರಗಟ್ಟಲೆ ಕೆಡುವುದಿಲ್ಲ.

ಅಗ್ಗದ ಊಟ ಎಂದ ಕೂಡಲೆ ಇಂದಿರಾ ಕ್ಯಾಂಟೀನ್ ನೆನಪಾಗುತ್ತದೆ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಎಂದು ಶುರುವಾದದ್ದು. ಕೈಯಲ್ಲಿ ದುಡ್ಡಿಲ್ಲದವನಿಗೆ ಅದು ಬೇಕೇ ಬೇಕು. ಖಾನಾವಳಿಯ ಅಗ್ಗ ಬೇರೆ ತರಹದ್ದು. ಅದಕ್ಕೆ ಸರ್ಕಾರದ ಸಹಾಯಧನವಿಲ್ಲ. ಗ್ಯಾಸ್ ಸಿಲಿಂಡರು, ಎಣ್ಣೆ, ಬೇಳೆಯ ದರ ಏರಿದಾಗಲೂ ತಟ್ಟೆಯ ದರ ಹತ್ತು ರೂಪಾಯಿ ಏರಿಸಲು ಅವರು ತಿಂಗಳುಗಟ್ಟಲೆ ಹಿಂದೆಮುಂದೆ ನೋಡುತ್ತಾರೆ. ನಡುವಿನ ಹೊರೆಯನ್ನು ಹೊರುವುದು ಒಲೆಯ ಮುಂದೆ ಕೂತ ಹೆಣ್ಣುಮಕ್ಕಳ ರಟ್ಟೆ. ಅದಕ್ಕೇ ಬಿಲ್ಲಿನಲ್ಲಿ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಬೆಂಗಳೂರಿನಿಂದ ಹಂಪಿಗೆ ಕಾರಿನಲ್ಲಿ ಹೋಗುವವರು ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕೂಡ್ಲಿಗಿಯನ್ನು ನೋಡದೆಯೇ ದಾಟಿ, ಹೊಸಪೇಟೆಯಲ್ಲಿ ಮೂರು ಗಂಟೆಗೆ ತಣ್ಣನೆಯ ಊಟ ಮಾಡುತ್ತಾರೆ. ಮುಂದಿನ ಸಲ ಹನ್ನೆರಡೂವರೆಯ ಹೊತ್ತಿಗೆ ಕೂಡ್ಲಿಗಿಯಲ್ಲಿ ಹೆದ್ದಾರಿ ಬಿಟ್ಟು ಊರೊಳಗೆ ಬನ್ನಿ. ಪುರುಸೊತ್ತಿದ್ದರೆ ಕೊಟ್ಟೂರಿನವರೆಗೂ ಹೋಗಿಬನ್ನಿ. ಫೋನ್ ಜೇಬಿನಲ್ಲಿರಲಿ, ಎಪಿಎಂಸಿ ಗೇಟಿನಲ್ಲಿ ನಿಂತವರನ್ನು ಕೇಳಿ. ಒಂದು ಡಬ್ಬಿ ತನ್ನಿ. ಉಂಡೆದ್ದ ಮೇಲೆ ಅಡುಗೆಮನೆಯ ಬಾಗಿಲಿಗೆ ಹೋಗಿ “ಅಕ್ಕಾ, ರೊಟ್ಟಿ ಚಲೋ ಆಗಿದ್ವು” ಎಂದು ಹೇಳಿಯೇ ಹೊರಡಿ.