ನೋಟೀಸಿಗೆ ಉತ್ತರ

2024ರ ಮೇ ತಿಂಗಳ ಕೊನೆಯ ವಾರ. ಜೋಹರ್ ನಮಾಜ್ ಮುಗಿಸಿ ಮನೆಗೆ ಬಂದಾಗ ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಒಂದು ಕಾಗದ. "ನೀವು ಕಥೆ ಬರೆಯೋರಲ್ಲ, ಇದಕ್ಕೊಂದು ಉತ್ತರ ಬರೆದುಕೊಡಿ" ಎಂದಳು.

ಅದು ಮೇಲಿನ ಕಚೇರಿಯಿಂದ ಬಂದಿದ್ದ ನೋಟೀಸು. ಆಕೆ ಸರ್ಕಾರಿ ಉರ್ದು ಪ್ರೌಢಶಾಲೆಯೊಂದರಲ್ಲಿ ಗಣಿತದ ಟೀಚರ್. ಆ ವರ್ಷ ಎಸ್ಸೆಸ್ಸೆಲ್ಸಿಗೆ ಕೂತ 28 ಮಕ್ಕಳಲ್ಲಿ ಗಣಿತದಲ್ಲಿ ಪಾಸಾದವರು 11. ನಿಮ್ಮ ವಿಷಯದಲ್ಲಿ ಫಲಿತಾಂಶ ಕಡಿಮೆಯಾಗಲು ಕಾರಣವೇನು, ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು, ಏಳು ದಿನದೊಳಗೆ ಲಿಖಿತ ಸಮಜಾಯಿಷಿ ಕೊಡಿ ಎಂದಿತ್ತು ಅದರಲ್ಲಿ. ಹದಿನೆಂಟು ವರ್ಷದ ನೌಕರಿಯಲ್ಲಿ ಆಕೆಗೆ ಬಂದ ಮೊದಲ ನೋಟೀಸು.

ಆ ವರ್ಷದ ಕಥೆ ಓದುಗರಿಗೆ ನೆನಪಿರಬಹುದು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ್ದರು. 2023ರಲ್ಲಿ ಶೇಕಡಾ 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ. ಆ ಕೃಪೆ ಇಲ್ಲದಿದ್ದರೆ ಲೆಕ್ಕ 53ರ ಹತ್ತಿರ ನಿಲ್ಲುತ್ತಿತ್ತು. ರಾಜ್ಯದ ಮೇಷ್ಟ್ರುಗಳೆಲ್ಲ ಒಂದೇ ವರ್ಷದಲ್ಲಿ ಕೆಟ್ಟುಹೋದರೆ? ಅಥವಾ ಹಿಂದಿನ ವರ್ಷಗಳ ಅಂಕಿಯಲ್ಲೇ ಏನಾದರೂ ಐಬಿತ್ತೆ? ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕಿಂತ ನೋಟೀಸು ಕೊಡುವುದು ಸುಲಭ.

ಅವತ್ತು ರಾತ್ರಿ ಇಶಾ ಆದ ಮೇಲೆ ಬರೆಯಲು ಕೂತೆ. ಕೂತಾಗ ನೆನಪಾದದ್ದು ಶಿಕಾಗೋದಿಂದ ಬಂದಿದ್ದ ಒಂದು ಫೋನ್.

ನನ್ನ ಆಪಾ ಮದುವೆಯಾಗಿ ಅಲ್ಲಿಗೆ ಹೋದವಳು. ದೂಲ್ಹಾಭಾಯಿ ಟ್ಯಾಕ್ಸಿ ಓಡಿಸುತ್ತಾರೆ. 2012ರ ಸೆಪ್ಟೆಂಬರ್‌ನಲ್ಲಿ ಆಪಾ ಫೋನ್ ಮಾಡಿ, "ಇಲ್ಲಿ ಮೇಷ್ಟ್ರುಗಳೆಲ್ಲ ಕೆಂಪು ಅಂಗಿ ಹಾಕ್ಕೊಂಡು ಬೀದಿಗೆ ಇಳಿದವ್ರೆ, ಮಗ ಮನೇಲೇ ಕೂತವ್ನೆ, ನಾನು ಕೆಲಸಕ್ಕೆ ಹೋಗೋದು ಹೆಂಗೆ" ಎಂದು ಅಲವತ್ತುಕೊಂಡಿದ್ದಳು. ಅಮೆರಿಕದಲ್ಲೂ ಮೇಷ್ಟ್ರುಗಳು ಮುಷ್ಕರ ಮಾಡುತ್ತಾರೆಯೇ ಎಂದು ನನಗೆ ಆಶ್ಚರ್ಯ. ಅವತ್ತಿನಿಂದ ಆ ವಿಷಯ ಎಲ್ಲಿ ಕಂಡರೂ ಓದುವ ಅಭ್ಯಾಸ ಬೆಳೆಯಿತು.

ಸೆಪ್ಟೆಂಬರ್ 10ರಂದು ಸುಮಾರು 26 ಸಾವಿರ ಶಿಕ್ಷಕರು ಮತ್ತು ಸಿಬ್ಬಂದಿ ಕೆಲಸ ನಿಲ್ಲಿಸಿದ್ದರು. 25 ವರ್ಷಗಳಲ್ಲಿ ಆ ಊರಿನ ಮೊದಲ ಶಿಕ್ಷಕರ ಮುಷ್ಕರ ಅದು. ಮೂರೂವರೆ ಲಕ್ಷ ಮಕ್ಕಳಿಗೆ ಏಳು ದಿನ ಶಾಲೆ ಇರಲಿಲ್ಲ. ಒಂದು ಕಡೆ ಮೇಯರ್ ರಾಮ್ ಇಮಾನ್ಯುಯಲ್, ಇನ್ನೊಂದು ಕಡೆ ಸಂಘದ ಅಧ್ಯಕ್ಷೆ ಕರೆನ್ ಲೂಯಿಸ್. ಆಕೆ ವರ್ಷಗಟ್ಟಲೆ ರಸಾಯನಶಾಸ್ತ್ರ ಹೇಳಿಕೊಟ್ಟ ಮೇಡಂ. ಜಗಳ ಸಂಬಳಕ್ಕಷ್ಟೇ ಆಗಿರಲಿಲ್ಲ. ಮಕ್ಕಳ ಪರೀಕ್ಷೆಯ ಅಂಕಗಳನ್ನು ಮೇಷ್ಟ್ರ ಮೌಲ್ಯಮಾಪನಕ್ಕೆ ಎಷ್ಟರ ಮಟ್ಟಿಗೆ ಬಳಸಬೇಕು ಎಂಬುದೇ ದೊಡ್ಡ ಗಂಟಾಗಿತ್ತು. ಇಲಿನಾಯ್ ರಾಜ್ಯ 2010ರಲ್ಲೇ ಕಾನೂನು ಮಾಡಿ, ಮಕ್ಕಳ ಪ್ರಗತಿ ಮೌಲ್ಯಮಾಪನದ ಒಂದು ಭಾಗವಾಗಲೇಬೇಕು ಎಂದಿತ್ತು. ನಗರದವರು ಆ ಪಾಲನ್ನು ಶೇಕಡಾ 40ಕ್ಕೆ ಒಯ್ಯಬೇಕೆಂದರು, ಸಂಘ ಒಪ್ಪಲಿಲ್ಲ. ಕೊನೆಗೆ ಕಾನೂನು ಹೇಳುವ ಕನಿಷ್ಠ ಮಟ್ಟವಾದ 30ಕ್ಕೆ ಒಪ್ಪಂದವಾಯಿತು.

ಇದರ ಹಿಂದೆ ದಿಲ್ಲಿ ದರ್ಬಾರಿನಂಥ ಒಂದು ದೊಡ್ಡ ತಿಜೋರಿಯೂ ಇತ್ತು. 2009ರಲ್ಲಿ ಒಬಾಮಾ ಸರ್ಕಾರ 435 ಕೋಟಿ ಡಾಲರ್ ಇಟ್ಟು ರಾಜ್ಯಗಳ ನಡುವೆ ಪೈಪೋಟಿ ಹಚ್ಚಿತು. ಮಕ್ಕಳ ಅಂಕವನ್ನು ಮೇಷ್ಟ್ರಿಗೆ ಜೋಡಿಸುವ ರಾಜ್ಯಕ್ಕೆ ಆ ಪೈಪೋಟಿಯಲ್ಲಿ ಅನುಕೂಲ. ಒಂದರ ಹಿಂದೆ ಒಂದು ರಾಜ್ಯ ಕಾನೂನು ಬದಲಿಸಿತು.

ಅವರ ಲೆಕ್ಕ ನಮ್ಮ ಕಚೇರಿಯ ಲೆಕ್ಕದಷ್ಟು ಒರಟಲ್ಲ, ಇದನ್ನು ಒಪ್ಪಬೇಕು. ಪಾಸಾದವರೆಷ್ಟು ಎಂದಷ್ಟೇ ಅವರು ಎಣಿಸುವುದಿಲ್ಲ. ಮಗುವಿನ ಹಿಂದಿನ ವರ್ಷಗಳ ಅಂಕ ನೋಡಿ, ಈ ವರ್ಷ ಇಷ್ಟು ಬರಬೇಕು ಎಂದು ಅಂದಾಜು ಹಾಕುತ್ತಾರೆ. ಅದಕ್ಕಿಂತ ಹೆಚ್ಚು ಬಂದರೆ ಮೇಷ್ಟ್ರ ಖಾತೆಗೆ ಜಮಾ, ಕಡಿಮೆ ಬಂದರೆ ಖರ್ಚು. ತರಗತಿಯ ಎಲ್ಲ ಮಕ್ಕಳದ್ದೂ ಕೂಡಿಸಿ ಸರಾಸರಿ ತೆಗೆಯುತ್ತಾರೆ. ಕೇಳಲು ನ್ಯಾಯವಾಗಿಯೇ ಇದೆ.

ನ್ಯಾಯದ ಪರವಾಗಿ ಸಾಕ್ಷಿಯೂ ಉಂಟು. ದಿಲ್ಲಿಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಅವರ ಇಬ್ಬರು ಸಂಗಡಿಗರು 25 ಲಕ್ಷ ಮಕ್ಕಳ ಶಾಲೆಯ ದಾಖಲೆಯನ್ನು ಅವರು ದೊಡ್ಡವರಾದ ಮೇಲಿನ ತೆರಿಗೆ ದಾಖಲೆಯ ಜೊತೆ ಇಟ್ಟು ನೋಡಿದರು. ಈ ಲೆಕ್ಕದಲ್ಲಿ ಒಳ್ಳೆಯವರೆನಿಸಿಕೊಂಡ ಮೇಷ್ಟ್ರ ಕೈಯಲ್ಲಿ ಕಲಿತ ಮಕ್ಕಳು ಕಾಲೇಜಿಗೆ ಹೆಚ್ಚು ಹೋಗಿದ್ದರು, ದುಡಿಮೆಯೂ ಹೆಚ್ಚಿತ್ತು. 2014ರಲ್ಲಿ ಅದು ಪ್ರಕಟವಾಯಿತು. ಒಳ್ಳೆಯ ಮೇಷ್ಟ್ರಿಂದ ಬದುಕು ಬದಲಾಗುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ವರ್ಷ ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘ ಇನ್ನೊಂದು ಮಾತು ಹೇಳಿತು. ಮಕ್ಕಳ ಅಂಕಗಳಲ್ಲಿ ಕಾಣುವ ಏರುಪೇರಿನಲ್ಲಿ ಮೇಷ್ಟ್ರ ಪಾಲು ಶೇಕಡಾ 1ರಿಂದ 14 ಎಂದು ಹೆಚ್ಚಿನ ಅಧ್ಯಯನಗಳು ಕಂಡುಕೊಂಡಿವೆ ಎಂದಿತು. ಲಕ್ಷಾಂತರ ಮಕ್ಕಳನ್ನು ಸೇರಿಸಿ ನೋಡಿದಾಗ ಕಾಣುವ ಸತ್ಯ, 28 ಮಕ್ಕಳ ಒಂದು ಕೊಠಡಿಯ ಒಬ್ಬ ಟೀಚರಮ್ಮನಿಗೆ ಅನ್ವಯಿಸುವಾಗ ಅಷ್ಟು ಗಟ್ಟಿಯಾಗಿ ಉಳಿಯುವುದಿಲ್ಲ.

ಆದರೂ ಲೆಕ್ಕ ನಡೆಯಿತು. 2010ರಲ್ಲಿ ಲಾಸ್ ಏಂಜಲೀಸಿನ ದೊಡ್ಡ ಪತ್ರಿಕೆ ಸುಮಾರು 6 ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರ ಹೆಸರುಗಳನ್ನು ಅವರ ದರ್ಜೆಯ ಸಮೇತ ಅಚ್ಚು ಹಾಕಿತು. ಹೂಸ್ಟನ್‌ನಲ್ಲಿ ಶಿಕ್ಷಕರು ತಮ್ಮ ಅಂಕ ಹೇಗೆ ಬಂತೆಂದು ಕೇಳಿದರೆ, ಸೂತ್ರ ಖಾಸಗಿ ಕಂಪನಿಯ ವ್ಯಾಪಾರದ ಗುಟ್ಟು ಎಂಬ ಉತ್ತರ ಬಂತು. ಸಂಘ ಕೋರ್ಟಿಗೆ ಹೋಯಿತು. ತನ್ನ ಅಂಕ ಸರಿಯೋ ತಪ್ಪೋ ಎಂದು ಪರೀಕ್ಷಿಸಿ ನೋಡುವ ದಾರಿಯೇ ಇಲ್ಲದ ಮೇಲೆ ಕೆಲಸ ಕಳೆಯುವುದು ನ್ಯಾಯವೇ ಎಂಬ ಪ್ರಶ್ನೆ ವಿಚಾರಣೆಗೆ ಅರ್ಹ ಎಂದು 2017ರಲ್ಲಿ ನ್ಯಾಯಾಧೀಶರು ಹೇಳಿದರು. ಆಮೇಲೆ ಜಿಲ್ಲೆಯವರು ರಾಜಿಗೆ ಬಂದರು. ಅಟ್ಲಾಂಟಾದಲ್ಲಂತೂ 44 ಶಾಲೆಗಳಲ್ಲಿ ಅಕ್ರಮ ನಡೆದಿತ್ತು, ಅದರಲ್ಲಿ 178 ಶಿಕ್ಷಕರು ಮತ್ತು ಮುಖ್ಯಸ್ಥರ ಕೈವಾಡವಿತ್ತು ಎಂದು 2011ರ ತನಿಖಾ ವರದಿ ಹೇಳಿತು. ಮಕ್ಕಳ ತಪ್ಪು ಉತ್ತರವನ್ನು ಅಳಿಸಿ ಸರಿ ಉತ್ತರ ತಿದ್ದಿದ್ದರು. 2015ರಲ್ಲಿ 11 ಮಂದಿಗೆ ಅಪರಾಧ ಸಾಬೀತಾಯಿತು. ಅದೇ ವರ್ಷದ ಕೊನೆಗೆ ಬಂದ ಹೊಸ ಕೇಂದ್ರ ಕಾನೂನು, ಅಂಕವನ್ನು ಮೇಷ್ಟ್ರಿಗೆ ಜೋಡಿಸಲೇಬೇಕು ಎಂಬ ದಿಲ್ಲಿ ಮಾದರಿಯ ಒತ್ತಾಯವನ್ನು ಕೈಬಿಟ್ಟು, ಅದು ರಾಜ್ಯಗಳಿಗೆ ಬಿಟ್ಟದ್ದು ಎಂದಿತು.

ಇದು ಅಮೆರಿಕದವರು ಕಂಡುಹಿಡಿದ ರೋಗವೂ ಅಲ್ಲ. ಇಂಗ್ಲೆಂಡಿನಲ್ಲಿ 1862ರಲ್ಲೇ ಫಲಿತಾಂಶಕ್ಕೆ ತಕ್ಕ ಅನುದಾನ ಎಂಬ ಪದ್ಧತಿ ಬಂತು. ಆ ಗಾಳಿ ನಮ್ಮ ಧಾರವಾಡ, ಬೆಳಗಾವಿ ಸೇರಿದ್ದ ಮುಂಬಯಿ ಪ್ರಾಂತಕ್ಕೂ ಬೀಸಿತು. ಸಾಹೇಬರು ವರ್ಷಕ್ಕೊಮ್ಮೆ ಬಂದು ಮಕ್ಕಳನ್ನು ನಿಲ್ಲಿಸಿ ಓದಿಸುವುದು, ಲೆಕ್ಕ ಹಾಕಿಸುವುದು, ಅದರ ಮೇಲೆ ಶಾಲೆಗೆ ದುಡ್ಡು. ಪುಸ್ತಕವನ್ನು ಉರು ಹೊಡೆಸುವುದೇ ಮೇಷ್ಟ್ರ ಕೆಲಸವಾಯಿತು. ಇಂಗ್ಲೆಂಡಿನವರು ಸುಮಾರು 30 ವರ್ಷ ನೋಡಿ ಅದನ್ನು ಬಿಟ್ಟರು.

ಇಷ್ಟೆಲ್ಲ ಓದಿದ್ದರೂ ಉತ್ತರ ಬರೆಯುವಾಗ ನನ್ನ ಮುಂದೆ ಬಂದು ನಿಂತವನು ಬೇರೆ. ಅವನು ನನ್ನ ಬೆಂಚಿನ ಗೆಳೆಯ.

ನಾನು ಏಳನೇ ಇಯತ್ತೆವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಹೈಸ್ಕೂಲು. ನಮ್ಮದು ದಾವಣಗೆರೆ. ಅವನ ಮನೆಯವರು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದರು. ಬೆಳಗಿನ ಜಾವ ಮೂರಕ್ಕೆ ಎದ್ದು ಭಟ್ಟಿಯ ಮುಂದೆ ನಿಂತವನು ಹತ್ತಕ್ಕೆ ಶಾಲೆಗೆ ಬಂದರೆ ಎರಡನೇ ಪೀರಿಯಡ್ಡಿಗೆ ತೂಕಡಿಸುತ್ತಿದ್ದ. ಹುಬ್ಬಿನ ಮೇಲೆ ಹೊಟ್ಟಿನ ಧೂಳು. ಬಾಯಿಲೆಕ್ಕದಲ್ಲಿ ನನಗಿಂತ ಚುರುಕು, ಹಾಳೆಯ ಮೇಲೆ ಮಾತ್ರ ಏನೂ ಮೂಡುತ್ತಿರಲಿಲ್ಲ. ನಮ್ಮ ಶಾಲೆಗೆ ನೂರಕ್ಕೆ ನೂರು ಫಲಿತಾಂಶದ ಹೆಸರು. ಒಂಬತ್ತನೆಯ ತರಗತಿ ಮುಗಿದಾಗ ಅವನೂ ಸೇರಿ ಆರು ಹುಡುಗರ ತಂದೆಯರನ್ನು ಕರೆಸಿ ಟಿಸಿ ಕೈಗೆ ಕೊಟ್ಟರು. ಮುಂದಿನ ವರ್ಷ ನಮ್ಮ ಶಾಲೆಗೆ ಮತ್ತೆ ನೂರಕ್ಕೆ ನೂರು. ಮುಖ್ಯೋಪಾಧ್ಯಾಯರಿಗೆ ಶಾಲು ಹೊದಿಸಿದರು. ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ನಾನೂ ಇದ್ದೇನೆ, ಎರಡನೇ ಸಾಲು. ಅವನು ಲಾರಿ ಕ್ಲೀನರ್ ಆಗಿ, ಈಗ ಡ್ರೈವರ್. ಯಾವಾಗಲಾದರೂ ಸಿಕ್ಕರೆ ಚಹಾ ಕುಡಿಸುತ್ತಾನೆ. ಒಮ್ಮೆ ಕೇಳಿದ: "ಆ ವರ್ಷ ನಮ್ಮ ಸ್ಕೂಲು ಹಂಡ್ರೆಡ್ ಪರ್ಸೆಂಟ್ ಬಂತಲ್ಲ?" ವ್ಯಂಗ್ಯವಿರಲಿಲ್ಲ. 'ನಮ್ಮ ಸ್ಕೂಲು' ಎಂದೇ ಹೇಳಿದ.

ಹಾಗಾಗಿ ನಾನು ಎರಡು ಪುಟ ಬರೆದೆ. ಭಟ್ಟಿ, ಗ್ಯಾರೇಜು, ವೆಲ್ಡಿಂಗ್ ಅಂಗಡಿಗಳಿಂದ ಬರುವ ಮಕ್ಕಳು, ತಡವಾಗಿ ಬಂದ ಉರ್ದು ಪಠ್ಯಪುಸ್ತಕ, ಎರಡು ವರ್ಷದಿಂದ ಖಾಲಿ ಬಿದ್ದ ವಿಜ್ಞಾನದ ಹುದ್ದೆ, ಜನಗಣತಿ, ಚುನಾವಣೆ ಎಂದು ಮೇಷ್ಟ್ರನ್ನು ಎಳೆದಾಡುವ ಸರ್ಕಾರ. ಒಂದೂ ಸುಳ್ಳಲ್ಲ. ಕಥೆಗಾರನ ಕೈ, ಕೊನೆಯ ಪ್ಯಾರಾದಲ್ಲಿ ಸ್ವಲ್ಪ ಕಣ್ಣೀರೂ ಇತ್ತು.

ಮರುದಿನ ಭಾನುವಾರ. ನೋಟೀಸು ಬಂದ ಶಿಕ್ಷಕರೆಲ್ಲ ಒಂದು ಕಡೆ ಸೇರಿದ್ದರು. ಇವಳೂ ಹೋಗಿದ್ದಳು. ಸಂಜೆ ಬಂದವಳು ಬುರ್ಖಾ ತೆಗೆದು ಮೊಳೆಗೆ ಹಾಕಿ, ನೀರು ಕುಡಿದು ಕೂತಳು.

"ಎಲ್ಲರೂ ಒಂದೇ ಥರ ಬರೆದು ಕೊಡೋಣ ಅಂದ್ರು. ಫಲಿತಾಂಶಕ್ಕೂ ಶಿಕ್ಷಕರಿಗೂ ಸಂಬಂಧ ಇಲ್ಲ ಅಂತ."

"ಒಳ್ಳೇದೇ ಆಯ್ತಲ್ಲ. ಒಟ್ಟಾಗಿ ಕೊಟ್ರೆ ಬಲ ಜಾಸ್ತಿ."

"ಸಂಬಂಧವೇ ಇಲ್ಲ ಅಂದ್ರೆ ನಾವು ದಿನಾ ಯಾಕೆ ಹೋಗ್ತೀವಿ ಸ್ಕೂಲಿಗೆ?"

ನನ್ನ ಎರಡು ಪುಟ ಓದಿದಳು. ಎರಡು ಸಲ ಓದಿದಳು. "ಚೆನ್ನಾಗಿ ಬರೆದಿದೀರಿ. ಇದರಲ್ಲಿ ನಾನು ಎಲ್ಲಿದೀನಿ?" ಎಂದಳು. ನನಗೆ ಅರ್ಥವಾಗಲಿಲ್ಲ. ಆಗ ಹೇಳಿದಳು: ಆ 17 ಮಕ್ಕಳಲ್ಲಿ ಐವರಿಗೆ ಏಳರ ಮಗ್ಗಿ ಬರುವುದಿಲ್ಲ ಎಂದು ಆಕೆಗೆ ಗೊತ್ತಾದದ್ದು ಡಿಸೆಂಬರಿನಲ್ಲಿ. ಜೂನ್‌ನಲ್ಲೇ ನೋಡಬೇಕಾಗಿತ್ತು. ನೋಡಲಿಲ್ಲ. ಸಿಲಬಸ್ ಮುಗಿಸುವ ಅವಸರದಲ್ಲಿ ಹಿಂದಿನ ಬೆಂಚಿನ ಕಡೆ ಹೋಗಿರಲಿಲ್ಲ. "ಇದು ಬಡತನದ ತಪ್ಪಲ್ಲ, ನನ್ನದು."

ನನಗೆ ನನ್ನ ನಾಲ್ಕನೇ ಇಯತ್ತೆಯ ಮೇಷ್ಟ್ರು ನೆನಪಾದರು. ಹಾಜರಿ ತೆಗೆದು, ಒಬ್ಬ ಹುಡುಗನನ್ನು ಮಾನಿಟರ್ ಮಾಡಿ, ಸೈಟು ವ್ಯಾಪಾರಕ್ಕೆ ಹೋಗುತ್ತಿದ್ದರು. ತಂದೆಯರು ದೂರು ಕೊಟ್ಟರು. ಸಂಘದವರು ಬಂದು ಮಾತಾಡಿದರು, ಏನೂ ಆಗಲಿಲ್ಲ. ಆ ವರ್ಷ ಭಾಗಾಕಾರ ಕಲಿಯದೆ ನಾನು ಐದಕ್ಕೆ ಹೋದೆ. ಮೇಷ್ಟ್ರನ್ನು ಅಳೆಯಲೇಬಾರದು ಎನ್ನುವವರು ಅಂಥವರ ಮುಂದೆ ಕೂತ ಮಕ್ಕಳನ್ನು ಮರೆಯುತ್ತಾರೆ. ಅಂಕದಿಂದಲೇ ಅಳೆಯಬೇಕು ಎನ್ನುವವರು ಟಿಸಿ ಹಿಡಿದು ಹೊರಗೆ ಹೋದವನನ್ನು ಮರೆಯುತ್ತಾರೆ. ನನ್ನ ಹೆಂಡತಿ ಈ ಎರಡರ ನಡುವೆ ನಿಂತು ಒಂದು ಉತ್ತರ ಹುಡುಕುತ್ತಿದ್ದಳು.

ಆಕೆಯೇ ಬರೆದಳು. ನಾಲ್ಕು ಹಾಳೆ. 17 ಮಕ್ಕಳ ಹೆಸರು, ಪ್ರತಿ ಹೆಸರಿನ ಮುಂದೆ ಆ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ, ಎಷ್ಟು ದಿನ ಗೈರುಹಾಜರಿ, ಎಲ್ಲಿ ಕೆಲಸಕ್ಕೆ ಹೋಗುತ್ತಾನೆ. ಕೊನೆಯಲ್ಲಿ, ಐದು ಮಕ್ಕಳ ವಿಷಯದಲ್ಲಿ ನನ್ನ ಕಡೆಯಿಂದ ಲೋಪವಾಗಿದೆ, ಹನ್ನೆರಡು ಮಕ್ಕಳಿಗೆ ಶಾಲೆಯೊಂದರಿಂದಲೇ ಸಾಧ್ಯವಾಗದ ನೆರವು ಬೇಕು ಎಂದಿತ್ತು. ಸಂಘದ ಹಿರಿಯರೊಬ್ಬರು ಫೋನ್ ಮಾಡಿ, "ಬೆಹೆನ್, ಲೋಪ ಅಂತ ಬರೀಬೇಡಿ. ನಾಳೆ ಅದನ್ನೇ ಹಿಡ್ಕೊಂಡು ಇನ್‌ಕ್ರಿಮೆಂಟ್ ನಿಲ್ಲಿಸ್ತಾರೆ, ನಿಮ್ಮಿಂದ ಉಳಿದವರಿಗೂ ತೊಂದರೆ" ಎಂದರು. ಅವರ ಮಾತಿನಲ್ಲೂ ಹುರುಳಿತ್ತು. ತಪ್ಪು ಒಪ್ಪಿದವರನ್ನೇ ಮೊದಲು ಹಿಡಿಯುವ ವ್ಯವಸ್ಥೆಯಲ್ಲಿ ಯಾರು ಒಪ್ಪುತ್ತಾರೆ? ನಾನೂ ಒಂದು ಮಾತು ಹೇಳಿ ನೋಡಿದೆ. ಆಕೆ ಆ ಸಾಲನ್ನು ತೆಗೆಯಲಿಲ್ಲ.

ಆ ವರ್ಷದಿಂದ ಒಂದರ ಬದಲು ಮೂರು ಪರೀಕ್ಷೆಗಳ ಪದ್ಧತಿ ಬಂದಿತ್ತು. ಎರಡನೆಯದು ಜೂನ್‌ನಲ್ಲಿ, ಬಕ್ರೀದ್‌ನ ಆಸುಪಾಸಿನಲ್ಲೇ. ರಜೆಯಲ್ಲಿ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಮಕ್ಕಳನ್ನು ಕೂರಿಸಿಕೊಂಡಳು. ಹನ್ನೆರಡು ಮಂದಿ ಬಂದರು, ಆರು ಮಂದಿ ಪಾಸಾದರು. ಆಗಸ್ಟ್‌ನ ಮೂರನೆಯದರಲ್ಲಿ ಮತ್ತಿಬ್ಬರು. ಒಬ್ಬ ಹುಡುಗನ ತಾಯಿ ಒಂದು ಚೀಲ ಮಂಡಕ್ಕಿ ತಂದುಕೊಟ್ಟು ಹೋದಳು, ತಿಂಗಳುಗಟ್ಟಲೆ ತಿಂದೆವು.

ನೋಟೀಸಿನ ಉತ್ತರ ಏನಾಯಿತೋ ತಿಳಿಯದು. ಇನ್‌ಕ್ರಿಮೆಂಟ್ ನಿಲ್ಲಲಿಲ್ಲ, ಕಾಗದ ತಲುಪಿತು ಎಂಬ ಸಾಲೂ ಬರಲಿಲ್ಲ. ಆ ನಾಲ್ಕು ಹಾಳೆಯನ್ನು ಮೇಲೆ ಯಾರಾದರೂ ಓದಿದರೋ ಇಲ್ಲವೋ. ಅದರ ಜೆರಾಕ್ಸ್ ಪ್ರತಿ ನಮ್ಮ ಬೀರುವಿನ ಬಾಗಿಲಿನ ಒಳಗೆ ಅಂಟಿಕೊಂಡಿದೆ. ಎಂಟು ಹೆಸರುಗಳ ಮೇಲೆ ಪೆನ್ಸಿಲ್ ಗೆರೆ. ಉಳಿದ ಒಂಬತ್ತು ಹೆಸರುಗಳನ್ನು ಆಕೆ ಹಾಗೇ ಬಿಟ್ಟಿದ್ದಾಳೆ. ಈಗ ಪ್ರತಿ ಜೂನ್‌ನ ಮೊದಲ ವಾರ ಆಕೆ ಮಾಡುವ ಮೊದಲ ಕೆಲಸ, ಹಿಂದಿನ ಬೆಂಚಿಗೆ ಹೋಗಿ ಏಳರ ಮಗ್ಗಿ ಕೇಳುವುದು.