ಕಿರ್ಲೋಸ್ಕರ್ ಜಾಗದಲ್ಲೊಂದು ಮಾಲ್ ಸಂಜೆ

ಊರಿಂದ ಅಪ್ಪ-ಅವ್ವ ಬೆಂಗಳೂರಿಗೆ ಬಂದ್ರೆ ಎಲ್ಲಿಗೆ ಕರ್ಕೊಂಡು ಹೋಗೋದು? ಇಲ್ಲಿ ಕೆಲಸ ಮಾಡೋ ನಮ್ಮಂಥವರಿಗೆ ಇದು ಖಾಯಂ ಪ್ರಶ್ನೆ. ಮೊದಲ ಸಲ ಲಾಲ್‌ಬಾಗ್, ವಿಧಾನಸೌಧ. ಎರಡನೇ ಸಲ ಇಸ್ಕಾನ್. ಮೂರನೇ ಸಲ ಬಂದ್ರೆ? "ಮಾಲ್ ಮಾತ್ರ ಬೇಡ ಮಾರಾಯ, ವಯಸ್ಸಾದವರಿಗೆ ಅಲ್ಲಿ ಏನಿದೆ" ಅಂತ ಸ್ನೇಹಿತರು ಹೇಳ್ತಾರೆ. ನನಗೆ ಹಾಗನ್ನಿಸೋದಿಲ್ಲ. ಒಂದು ರೂಪಾಯಿ ಖರ್ಚಿಲ್ಲದೆ, ಬಿಸಿಲು-ಮಳೆ ಚಿಂತೆಯಿಲ್ಲದೆ, ಟ್ರಾಫಿಕ್ ಇಲ್ಲದೆ ಮೂರು ಗಂಟೆ ಆರಾಮಾಗಿ ನಡೆದಾಡಿ, ಬೇಕೆಂದಾಗ ಕೂತು, ಜನರನ್ನು ನೋಡಬಹುದಾದ ಜಾಗ ಈ ಊರಲ್ಲಿ ಇನ್ನೆಷ್ಟಿವೆ ಹೇಳಿ?

ಹೋಗೋದಾದ್ರೆ ಡಾ. ರಾಜ್‌ಕುಮಾರ್ ರಸ್ತೆಯ ಓರಿಯನ್ ಮಾಲ್‌ಗೆ ಹೋಗಿ. ನಮ್ಮ ಹರಿಹರ, ದಾವಣಗೆರೆ ಕಡೆಯವರಿಗೆ ಅದು ಸಲೀಸು. ರೈಲಿನಲ್ಲಿ ಬಂದು ಯಶವಂತಪುರದಲ್ಲಿ ಇಳಿದರೆ, ಅಲ್ಲಿಂದ ಮೆಟ್ರೋದಲ್ಲಿ ಒಂದೇ ಸ್ಟಾಪ್. ಸ್ಟೇಷನ್ ಹೆಸರು ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಮೈಸೂರು ಸ್ಯಾಂಡಲ್ ಸೋಪು ಈಗಲೂ ತಯಾರಾಗೋದು ಅಲ್ಲೇ ಪಕ್ಕದಲ್ಲಿ. ಅಲ್ಲಿಂದ ಸ್ವಲ್ಪ ನಡೆದರೆ ಮಾಲ್.

ಪಂಚೆ ಉಟ್ಟರೆ ಬಿಡ್ತಾರಾ?

ನಮ್ಮದು ಹರಿಹರ ತಾಲ್ಲೂಕಿನ ನಂದಿಗುಡಿ. ಬೃಹನ್ಮಠ ಇರುವ ಊರು, ಭದ್ರಾ ನಾಲೆ ನೀರಲ್ಲಿ ಭತ್ತ ಬೆಳೆಯೋ ಸೀಮೆ. 2024ರ ಸೆಪ್ಟೆಂಬರಿನಲ್ಲಿ ನಾಟಿ ಕೆಲಸ ಮುಗಿಸಿ ಅಪ್ಪ, ಅವ್ವ ನಾಲ್ಕು ದಿನ ನನ್ನ ರೂಮಿಗೆ ಬಂದಿದ್ದರು. ಶುಕ್ರವಾರ ಸಂಜೆ ಮಾಲ್‌ಗೆ ಹೋಗೋಣ ಅಂದೆ. ಅಪ್ಪ ಕೇಳಿದ ಮೊದಲ ಮಾತು: "ಪಂಚಿ ಉಟ್ಕೊಂಡು ಬಂದ್ರ ಒಳಗ ಬಿಡ್ತಾರೇನಪ?"

ಅವರು ಸುಮ್ಮನೆ ಕೇಳಿದ್ದಲ್ಲ. ಅದೇ ವರ್ಷ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲೊಂದಕ್ಕೆ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಜಿಲ್ಲೆಯ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆ ಅಂತ ಬಾಗಿಲಲ್ಲೇ ತಡೆದಿದ್ದರು. ವಿಡಿಯೊ ಎಲ್ಲರ ಫೋನಿಗೂ ಬಂತು. ವಿಧಾನಸಭೆಯಲ್ಲಿ ಗಲಾಟೆಯಾಯಿತು. ಮಾಲ್‌ನವರು ಕ್ಷಮೆ ಕೇಳಿ ಸನ್ಮಾನ ಮಾಡಿದರು, ಸರ್ಕಾರ ಆ ಮಾಲನ್ನು 7 ದಿನ ಮುಚ್ಚಿಸಿತು. ಹರಿಹರದಲ್ಲಿ ತುಂಗಭದ್ರೆ ಸೇತುವೆ ದಾಟಿದರೆ ಆ ಕಡೆ ಹಾವೇರಿ ಜಿಲ್ಲೆ. ಅಪ್ಪನಿಗೆ ಅದು ಪೇಪರಿನ ಸುದ್ದಿಯಲ್ಲ, ಹೊಳೆಯಾಚೆಯ ಪರಿಚಯದ ಮನುಷ್ಯನಿಗೆ ಆದಂಗೆ.

"ಬೇಕಾದ್ರ ಪ್ಯಾಂಟ್ ಹಾಕ್ಕೊಂತೀನಿ ತಗೋ" ಅಂದರು. ನನ್ನ ಮದುವೆ ಮಾತುಕತೆಗೆ ಅಂತ ಹೊಲಿಸಿದ ಪ್ಯಾಂಟು, ಚೀಲದಲ್ಲಿತ್ತು. ಅವ್ವ ಒಪ್ಪಲಿಲ್ಲ. "ಉಕ್ಕಡಗಾತ್ರಿ ಅಜ್ಜಯ್ಯನ ಮುಂದ ಪಂಚಿ ಉಟ್ಟು ನಿಲ್ತೀರಿ, ಅಂಗಡಿ ಮುಂದ ಪ್ಯಾಂಟ್ ಯಾಕ ಬೇಕು?" ಅಂದಳು. ಅಲ್ಲಿಗೆ ಆ ಮಾತು ಮುಗೀತು.

ಮಾಲ್ ಬಾಗಿಲಲ್ಲಿ ಅವರಿಬ್ಬರನ್ನೂ ಮುಂದೆ ಬಿಟ್ಟು ನಾನು ಹಿಂದೆ ನಿಂತೆ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಸೆಕ್ಯುರಿಟಿ ಹುಡುಗ ಮೆಟಲ್ ಡಿಟೆಕ್ಟರ್ ಆಡಿಸಿದ. ಅಪ್ಪನ ಜೇಬಲ್ಲಿದ್ದ ಸುಣ್ಣದ ಡಬ್ಬಿಗೆ ಅದು ಕುಂಯ್ ಅಂತು. ಹುಡುಗ ನಕ್ಕು, "ಎಲೆ ಅಡಿಕೆ ಒಳಗೆ ಹಾಕ್ಬೇಡಿ ಯಜಮಾನ್ರೇ, ಹೋಗಿ" ಅಂದ. ಮಾತಿನಲ್ಲಿ ಕೊಪ್ಪಳದ ಕಡೆಯ ಧಾಟಿ ಇತ್ತು. ಅಷ್ಟೇ. ಆದರೆ ಒಳಗೆ ಹೋದ ಮೇಲೂ ಅಪ್ಪ ಗೋಡೆ ಬದಿಗೇ ನಡೀತಿದ್ದರು. ನೆಲ ಅಷ್ಟು ಹೊಳೀತಿದ್ದರೆ ನಡುವೆ ಕಾಲಿಡೋಕೆ ನಮ್ಮವರಿಗೆ ಏನೋ ಸಂಕೋಚ.

ನೆಲದ ಕೆಳಗಿನ ಕಥೆ

ಆಗ ನಾನು ಹೇಳಿದ್ದು: "ಅಪ್ಪಾಜಿ, ಈ ಜಾಗ ಮೊದಲು ಕಿರ್ಲೋಸ್ಕರ್ ಫ್ಯಾಕ್ಟರಿದಾಗಿತ್ತು."

ಅಪ್ಪ ಅಲ್ಲೇ ನಿಂತರು.

ಹರಿಹರದವರಿಗೆ ಆ ಹೆಸರು ಏನು ಅಂತ ಬೇರೆಯವರಿಗೆ ಹೇಳೋದು ಕಷ್ಟ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಅಲ್ಲಿ ತಯಾರಾದ ಲೇಥ್ ಯಂತ್ರಗಳು ದೇಶದ ಮೂಲೆ ಮೂಲೆಯ ವರ್ಕ್‌ಶಾಪ್‌ಗಳಿಗೆ, ಐಟಿಐಗಳಿಗೆ, ಇಂಜಿನಿಯರಿಂಗ್ ಕಾಲೇಜುಗಳಿಗೆ ಹೋದವು. ನೀವು ಇಂಜಿನಿಯರಿಂಗ್ ಮೊದಲ ವರ್ಷದ ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಕಿರ್ಲೋಸ್ಕರ್ ಅಂತ ಬರೆದ ಹಸಿರು ಲೇಥ್ ಮುಂದೆ ನಿಂತಿದ್ದರೆ, ನಮ್ಮೂರಿನ ಜೊತೆ ನಿಮಗೆ ಆಗಲೇ ಪರಿಚಯ ಆಗಿದೆ. ಈ ಶತಮಾನ ಶುರುವಾಗೋ ಹೊತ್ತಿಗೆ ಆ ಕಾರ್ಖಾನೆ ನಿಂತುಹೋಯಿತು. ಹರಿಹರ ಮಾತ್ರ ಇಂದಿಗೂ ಹರಿಹರೇಶ್ವರನ ಹೆಸರಿನ ಜೊತೆ ಆ ಹೆಸರನ್ನೂ ಹೇಳುತ್ತೆ.

ಅಪ್ಪ ಆ ಕಾರ್ಖಾನೆಯಲ್ಲಿ ಕೆಲಸ ಮಾಡಿದವರಲ್ಲ. ಹರಿಹರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಹತ್ತೊಂಬತ್ತು ವರ್ಷ ಟರ್ನರ್ ಆಗಿದ್ದರು. ಆದರೆ ನಿಂತಿದ್ದು ಕಿರ್ಲೋಸ್ಕರ್ ಲೇಥ್ ಮುಂದೆಯೇ. ಆಯುಧಪೂಜೆ ದಿನ ಅದಕ್ಕೆ ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಆಮೇಲೆ ಮನೆಗೆ ಬಂದು ಊಟ ಮಾಡ್ತಿದ್ದರು.

ಬೆಂಗಳೂರಿನ ಈ ಜಾಗದಲ್ಲಿದ್ದದ್ದು ಅದೇ ಕುಟುಂಬದವರ ಬೇರೆ ಕಂಪನಿ, 1946ರಲ್ಲಿ ಶುರುವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್. ಮೋಟಾರು, ಜನರೇಟರುಗಳ ಕಂಪನಿ. ಸುಮಾರು 40 ಎಕರೆಯ ಆ ಜಾಗದಲ್ಲಿ ಬ್ರಿಗೇಡ್ ಗೇಟ್‌ವೇ ಬಂತು. ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟಡ, ಶೆರಟಾನ್ ಹೋಟೆಲ್, ಅಪಾರ್ಟ್‌ಮೆಂಟು, ಆಸ್ಪತ್ರೆ ಎಲ್ಲ ಅದರೊಳಗೇ. ಮಾಲ್ ತೆರೆದದ್ದು 2012ರಲ್ಲಿ.

ಇಷ್ಟು ಕೇಳಿದ ಮೇಲೆ ಅಪ್ಪನ ನಡಿಗೆ ಬದಲಾಯಿತು. ಗೋಡೆ ಬಿಟ್ಟು ನಡುವೆ ಬಂದರು. "ಹಂಗಾದ್ರ ನಮ್ಮೋರ ಜಾಗನ ಬಿಡು" ಅಂದರು.

ಎಸ್ಕಲೇಟರ್ ಹತ್ತಿರ ಅವ್ವ ಹಿಂಜರಿದಳು. ಅಪ್ಪ ಸ್ವಲ್ಪ ಹೊತ್ತು ನಿಂತು, ಮೆಟ್ಟಿಲು ನೆಲದೊಳಗಿಂದ ಹೊರಬರೋದನ್ನು ನೋಡಿದರು. "ಹೆದರಬ್ಯಾಡ. ಕೆಳಗ ಚೈನ್ ಐತಿ, ಚೈನಿನ ಮ್ಯಾಲ ಮೆಟ್ಲು ಕೂರ್ಸ್ಯಾರ. ಹಳದಿ ಗೆರೆ ದಾಟಿ ಕಾಲಿಡು" ಅಂತ ಕೈ ಹಿಡಿದು ಹತ್ತಿಸಿದರು. ಮೇಲೆ ಹೋಗೋವಾಗ ನನಗೊಂದು ತೋರಿಸಿದರು: ಕೈ ಹಿಡಿಯೋ ರಬ್ಬರ್ ಪಟ್ಟಿ ಮೆಟ್ಟಿಲಿಗಿಂತ ಒಂಚೂರು ಮುಂದೆ ಓಡ್ತಿತ್ತು. ನಾನು ವಾರಕ್ಕೊಮ್ಮೆ ಹತ್ತೋ ಎಸ್ಕಲೇಟರ್ ಅದು. ಹಿಡಿದ ಕೈ ಮೆಲ್ಲಗೆ ಮುಂದಕ್ಕೆ ಜಾರುತ್ತೆ ಅನ್ನೋದನ್ನು ಅವತ್ತೇ ಗಮನಿಸಿದ್ದು.

ಏಳು ಚೀಲದ ಶೂ

ಎಂಟು ಲಕ್ಷ ಚದರ ಅಡಿಗೂ ದೊಡ್ಡದಾದ ಮಾಲ್‌ನಲ್ಲಿ ಎಲ್ಲ ಅಂಗಡಿಗೂ ನುಗ್ಗೋಕೆ ಆಗಲ್ಲ, ನುಗ್ಗಲೂಬಾರದು. ನಮ್ಮ ಮನೆಯವರಿಗೆ ಬೆಲೆ ಚೀಟಿ ಓದೋದೇ ದೊಡ್ಡ ಮಜಾ. ಒಂದು ಶೂ ಮೇಲೆ 11,999 ಅಂತಿತ್ತು. ಆ ವರ್ಷ ಸಾಮಾನ್ಯ ಭತ್ತಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲ್‌ಗೆ 2,300 ರೂಪಾಯಿ. ಅಪ್ಪ ಮನಸ್ಸಲ್ಲೇ ಲೆಕ್ಕ ಹಾಕಿ, "ಐದು ಕ್ವಿಂಟಾಲ್ ಮ್ಯಾಲಾತು. 75 ಕೆಜಿ ಚೀಲದ ಲೆಕ್ಕದಾಗ ಏಳು ಚೀಲ ಭತ್ತ ಕಾಲಿಗೆ ಹಾಕ್ಕೊಂಡು ತಿರುಗಬೇಕು" ಅಂದರು. ಅಂಗಡಿಯ ಹುಡುಗಿಗೂ ನಗು ತಡೆಯೋಕಾಗಲಿಲ್ಲ. ಆದ್ರೂ "ಹಾಕಿ ನೋಡಿ ಸರ್" ಅಂತ ಸ್ಟೂಲ್ ಹಾಕಿದಳು. ಅಪ್ಪ ಹಾಕಿ, ಎರಡು ಹೆಜ್ಜೆ ನಡೆದು, "ಚಲೋ ಐತಿ" ಅಂತ ಬಿಚ್ಚಿಟ್ಟರು. ಕೊಳ್ಳದೇ ಇರೋದಕ್ಕೂ ಒಂದು ಗತ್ತು ಬೇಕು ನೋಡಿ.

ಅವ್ವ ಕೊಂಡಿದ್ದು ಸೂಪರ್ ಮಾರ್ಕೆಟ್‌ನಲ್ಲಿ ಒಂದು ಸ್ಟೀಲ್ ಜಾಲರಿ ಮತ್ತು ಪಕ್ಕದ ಮನೆ ಮಗುವಿಗೆ ಕ್ರಯಾನ್ಸ್. ಕೌಂಟರ್‌ನಲ್ಲಿ ನಾನು ಫೋನ್ ತೋರಿಸಿ ದುಡ್ಡು ಕೊಟ್ಟೆ. ಅಪ್ಪನಿಗೆ ನಾನು ಮಾಡೋ ಕೆಲಸ ಏನು ಅಂತ ಏಳು ವರ್ಷದಿಂದ ಸರಿಯಾಗಿ ಗೊತ್ತಾಗಿರಲಿಲ್ಲ. "ಈಗ ದುಡ್ಡು ಹೋಯ್ತಲ್ಲ, ಈ ಥರದ್ದರ ಹಿಂದಿನ ಒಂದು ಸಣ್ಣ ಭಾಗ ನಾವು ಬರೆಯೋದು" ಅಂದೆ.

"ಅಳತಿ ತಪ್ಪಿದ್ರ ಏನಾಕ್ಕತಿ?"

"ಯಾರದ್ದೋ ದುಡ್ಡು ಎಲ್ಲೋ ಹೋಗುತ್ತೆ."

"ಮತ್ತ ಅದೂ ಟರ್ನರ್ ಕೆಲಸನ" ಅಂದರು. ನನ್ನ ಯಾವ ಮ್ಯಾನೇಜರೂ ಇಷ್ಟು ಒಳ್ಳೆ ಅಪ್ರೈಸಲ್ ಕೊಟ್ಟಿಲ್ಲ.

ಕೆರೆ ದಂಡೆಯಲ್ಲಿ

ಓರಿಯನ್‌ನ ನಿಜವಾದ ಸೊಗಸು ಇರೋದು ಹೊರಗೆ, ಕೃತಕ ಕೆರೆಯ ದಂಡೆಯಲ್ಲಿ. ಸಂಜೆ ಏಳರ ನಂತರ ದೀಪಗಳು ನೀರಿನಲ್ಲಿ ಕಾಣ್ತವೆ, ಕಾರಂಜಿ ಏಳುತ್ತೆ, ಮೆಟ್ಟಿಲ ಮೇಲೆ ಜನ ಸುಮ್ಮನೆ ಕೂತಿರ್ತಾರೆ. ನಾವೂ ಕೂತೆವು. ಮಕ್ಕಳು ಓಡಾಡ್ತಿದ್ದವು, ಕಾಲೇಜು ಹುಡುಗರು ಸೆಲ್ಫಿ ತಗೀತಿದ್ದರು, ನಮ್ಮ ಪಕ್ಕ ಒಬ್ಬ ಅಜ್ಜ-ಅಜ್ಜಿ ತಮಿಳಲ್ಲಿ ಜಗಳ ಆಡ್ತಿದ್ದರು.

ಮಾಲ್ ಅನ್ನೋದರ ಹಿಂದಿನ ಮೂಲ ಆಸೆ ಇದೇ ಆಗಿತ್ತಂತೆ ನೋಡಿ. ಅಮೆರಿಕದ ಮಿನೆಸೋಟದಲ್ಲಿ 1956ರಲ್ಲಿ ಸೌತ್‌ಡೇಲ್ ಅನ್ನೋ ಮುಚ್ಚಿದ ಮಾಲ್ ಕಟ್ಟಿದವರು ವಿಕ್ಟರ್ ಗ್ರೂಯನ್. ಹುಟ್ಟೂರು ವಿಯೆನ್ನಾ. ಅಲ್ಲಿನ ಚೌಕಗಳಲ್ಲಿ ಜನ ಕಾಫಿ ಕುಡೀತಾ, ಮಾತಾಡ್ತಾ ಕೂರೋ ಹಾಗೆ, ಕಾರಲ್ಲೇ ಬದುಕೋ ಅಮೆರಿಕನ್ನರಿಗೂ ಒಂದು ಪೇಟೆ ಚೌಕ ಇರಲಿ ಅನ್ನೋದು ಅವರ ಕನಸು. ಆಮೇಲೆ ಮಾಲ್‌ಗಳು ಬರೀ ವ್ಯಾಪಾರದ ಡಬ್ಬಿಗಳಾದದ್ದು ನೋಡಿ ಅವರೇ ಬೇಸರಪಟ್ಟರು. ಆದರೆ ಕೆರೆ ದಂಡೆಯ ಮೇಲೆ ಕೂತ ನಮ್ಮವರನ್ನು ನೋಡಿದ್ದರೆ ಸ್ವಲ್ಪ ಸಮಾಧಾನ ಆಗ್ತಿತ್ತೋ ಏನೋ. ದಾವಣಗೆರೆಯ ಕುಂದುವಾಡ ಕೆರೆ ಏರಿ ಮೇಲೆ ಸಂಜೆ ಜನ ಕೂರ್ತಾರಲ್ಲ, ಹಾಗೇ ಇತ್ತು.

ಅಪ್ಪ ಮಾತ್ರ ನೀರು ನೋಡ್ತಾ, "ಮಾಡೋ ಜಾಗದಾಗ ಮಾರೋದು ಬಂತು" ಅಂದರು. ಬೇಜಾರಿನ ಧ್ವನಿಯಲ್ಲಿ ಅಲ್ಲ, ಇದ್ದದ್ದು ಇದ್ದಂಗೆ. ಇದು ಇಲ್ಲಿಯದಷ್ಟೇ ಕಥೆಯಲ್ಲ. ಮುಂಬೈಯ ಲೋವರ್ ಪರೇಲ್‌ನಲ್ಲಿ ಫೀನಿಕ್ಸ್ ಬಟ್ಟೆ ಮಿಲ್ ಇದ್ದ ಜಾಗದಲ್ಲೂ ಈಗ ಮಾಲ್. ಬೆಂಗಳೂರಿನ ಹೆಬ್ಬಾಳದ ಬಳಿ 2023ರಲ್ಲಿ ಮಾಲ್ ಆಫ್ ಏಷ್ಯಾ ತೆರೆದ ಕಂಪನಿಯ ಹೆಸರು ಇವತ್ತಿಗೂ ಫೀನಿಕ್ಸ್ ಮಿಲ್ಸ್. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ದಾವಣಗೆರೆಯವರಿಗೆ, ಮಿಲ್ ಸೈರನ್ ಕೇಳಿ ಗಡಿಯಾರ ಹೊಂದಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೈರನ್ ವಾಪಸ್ ಬರಲ್ಲ. ಆದರೆ ಆ ನೆಲದ ಮೇಲೆ ಬಂದಿರೋ ಈ ಹೊಳೆಯೋ ಜಾಗ ಯಾರದ್ದು ಅನ್ನೋದು ಇನ್ನೂ ನಮ್ಮ ಕೈಯಲ್ಲಿದೆ ಅನ್ನಿಸುತ್ತೆ. ಪಂಚೆ ಉಟ್ಟವರು, ಇಳಕಲ್ ಸೀರೆಯವರು, ಏನೂ ಕೊಳ್ಳದವರು ವಾರ ವಾರ ಬಂದು ಕೂತರೆ ಅದು ಅವರದ್ದೂ ಆಗುತ್ತೆ. ಬರದಿದ್ದರೆ ಬಾಗಿಲಲ್ಲಿ ತಡೆಯೋದು ಸುಲಭ ಆಗುತ್ತೆ.

ಕರೆದುಕೊಂಡು ಹೋಗೋರಿಗೆ

ಶನಿವಾರ, ಭಾನುವಾರ ಬೇಡ. ವಾರದ ದಿನ ಐದೂವರೆಗೆ ಹೋದರೆ ಗದ್ದಲ ಕಮ್ಮಿ. ಮಂಡಿ ನೋವಿದ್ದರೆ ಲಿಫ್ಟ್ ಎಲ್ಲಿದೆ ಅಂತ ಮೊದಲೇ ನೋಡಿಡಿ. ಟಾಯ್ಲೆಟ್ ಎಲ್ಲಿದೆ ಅಂತ ಅವರು ಕೇಳೋ ಮುಂಚೆ ನೀವೇ ತೋರಿಸಿ, ಅವರಾಗಿ ಕೇಳಲ್ಲ. ಎಸಿ ತಂಪಿಗೆ ಒಂದು ಶಾಲು ಇರಲಿ. ಫುಡ್ ಕೋರ್ಟ್‌ನಲ್ಲಿ ಆರ್ಡರ್ ನೀವು ಮಾಡಿ, ಬಿಲ್ಲು ಜೇಬಿಗೆ ಹಾಕಿಕೊಳ್ಳಿ. ನಮ್ಮಪ್ಪ ದೋಸೆ ರೇಟು ಓದಿಬಿಟ್ಟರು. "ದಾವಣಗೆರ್ಯಾಗ ಈ ರೊಕ್ಕಕ್ಕ ನಾಲ್ಕು ಮಂದಿ ಬೆಣ್ಣಿದೋಸಿ ತಿಂದು ಮಂಡಕ್ಕಿ ಕಟ್ಟಿಸ್ಕೊಂಡು ಬರಬೌದು" ಅಂತ ತಿನ್ನೋವರೆಗೂ ಹೇಳಿದರು. ಅರ್ಧ ಗಂಟೆಯಾದರೂ ಕೆರೆ ದಂಡೆಗೆ ಇಟ್ಟುಕೊಳ್ಳಿ, ಆಗ ಫೋನ್ ಜೇಬಲ್ಲಿರಲಿ.

ಈ ಸಲ ಸಿನಿಮಾಗೆ ಟೈಮ್ ಆಗಲಿಲ್ಲ. ಕೊಯ್ಲು ಮುಗಿದ ಮೇಲೆ ಮತ್ತೆ ಬರ್ತಾರಂತೆ. ಅವ್ವನ ಷರತ್ತು ಎರಡು: ಕನ್ನಡ ಸಿನಿಮಾನೇ ಆಗಬೇಕು, ಸೀಟು ಹಿಂದಕ್ಕೆ ಮಲಗಬಾರದು, ನಿದ್ದೆ ಬರುತ್ತೆ. ಅಪ್ಪನದ್ದು ಒಂದೇ. ವರ್ಕ್‌ಶಾಪಿನ ಹಳೇ ಜೊತೆಗಾರರೊಬ್ಬರು ಈಗ ಪೀಣ್ಯದಲ್ಲಿ ಮಗನ ಮನೆಯಲ್ಲಿದ್ದಾರೆ, ಅವರನ್ನೂ ಕರೀಬೇಕು. ಫೋನಿನಲ್ಲಿ ಅವರಿಗೆ ಆಗಲೇ ಹೇಳಿ ಆಗಿದೆ: "ಪಂಚಿ ಉಟ್ಕೊಂಡ ಬಾ. ಕಿರ್ಲೋಸ್ಕರ್ ಜಾಗ ಅದು."