ತಂಪು ಬೇರೆ, ಗಾಳಿ ಬೇರೆ

ಮನೆ ಕಟ್ಟಿಸುವವರು ನಮ್ಮಲ್ಲಿಗೆ ಬಂದು ಸಲಹೆ ಕೇಳುವ ವಾಡಿಕೆ ಮೊದಲಿನಿಂದಲೂ ಇದೆ. ಮಠದ ಪಾಠಶಾಲೆಯಲ್ಲಿ ಹತ್ತಾರು ವರ್ಷ ಕಳೆದವರಿಗೆ ಕಟ್ಟಡದ ವಿದ್ಯೆಯೂ ತಿಳಿದಿರಲೇಬೇಕೆಂಬುದು ಅವರ ನಂಬಿಕೆ. ಹಿಂದೆ ದೇವರ ಕೋಣೆ ಎಲ್ಲಿರಬೇಕು, ಒಲೆ ಯಾವ ಮೂಲೆಗೆ ಬರಬೇಕು ಎಂದು ಕೇಳುತ್ತಿದ್ದರು. ಈಗೀಗ ಕೇಳುವ ಪ್ರಶ್ನೆ ಬೇರೆ: "ಶಾಸ್ತ್ರಿಗಳೇ, ಏಸಿ ಯಾವ ದಿಕ್ಕಿಗೆ ಹಾಕಿದರೆ ಚಲೋ?" ತಂಪು ಕೊಡುವ ಯಂತ್ರವಾದುದರಿಂದ ವರುಣನ ದಿಕ್ಕಿಗೋ, ಗಾಳಿ ಬೀಸುವುದರಿಂದ ವಾಯವ್ಯಕ್ಕೋ, ವಿದ್ಯುತ್ತಿನಿಂದ ನಡೆಯುವುದರಿಂದ ಆಗ್ನೇಯಕ್ಕೋ ಎಂಬ ಜಿಜ್ಞಾಸೆಯನ್ನು ಒಬ್ಬ ಗೃಹಸ್ಥರು ನಮ್ಮ ಮುಂದೆ ಬಹಳ ಗಂಭೀರವಾಗಿಯೇ ಇಟ್ಟಿದ್ದರು. ದಿಕ್ಕುಗಳಲ್ಲಿ ಶುಭಾಶುಭಗಳನ್ನು ಹುಡುಕುವುದು ನಮ್ಮ ರೂಢಿಯಲ್ಲ. ಆದುದರಿಂದ ನಾವು ಅವರಿಗೆ ಮರುಪ್ರಶ್ನೆಯೊಂದನ್ನು ಹಾಕಿದೆವು: "ಆ ಕೋಣೆಗೆ ಹೊರಗಿನ ಗಾಳಿ ಎಲ್ಲಿಂದ ಬರುತ್ತದೆ?" ಅವರು ನಕ್ಕು, "ಏಸಿಯೇ ತರುತ್ತದಲ್ಲ!" ಎಂದರು.

ಈ ಲೇಖನ ಬರೆಯಲು ಆ ಉತ್ತರವೇ ಕಾರಣ. ಓದಿದವರು, ಒಳ್ಳೆಯ ನೌಕರಿಯಲ್ಲಿ ಇರುವವರು ಕೂಡ ಇದೇ ಭ್ರಮೆಯಲ್ಲಿ ಇರುವುದನ್ನು ನಾವು ಕಂಡಿದ್ದೇವೆ. ಗೋಡೆಯ ಮೇಲೆ ಒಂದು ಪೆಟ್ಟಿಗೆ, ಹೊರಗೆ ಇನ್ನೊಂದು ಪೆಟ್ಟಿಗೆ, ನಡುವೆ ಒಂದು ಕೊಳವೆ. ಆದ ಮೇಲೆ ಹೊರಗಿನ ಪೆಟ್ಟಿಗೆಯು ಗಾಳಿಯನ್ನು ಎಳೆದು, ತಣ್ಣಗೆ ಮಾಡಿ ಒಳಗೆ ಕಳಿಸುತ್ತದೆ ಎಂದು ನೋಡಿದವರಿಗೆ ಅನ್ನಿಸುವುದು ಸಹಜ. ವಸ್ತುಸ್ಥಿತಿ ಹಾಗಿಲ್ಲ. ಆ ಕೊಳವೆಯಲ್ಲಿ ಸಂಚರಿಸುವುದು ಗಾಳಿಯಲ್ಲ. ಶಾಖವನ್ನು ಹೊತ್ತೊಯ್ಯುವ ಒಂದು ರಾಸಾಯನಿಕ ದ್ರವ್ಯ. ಒಳಗಿನ ಪೆಟ್ಟಿಗೆಯು ಕೋಣೆಯಲ್ಲಿ ಇರುವ ಗಾಳಿಯನ್ನೇ ಎಳೆದುಕೊಂಡು, ಅದರ ಶಾಖವನ್ನೂ ತೇವವನ್ನೂ ತೆಗೆದು, ಅದೇ ಗಾಳಿಯನ್ನು ಮತ್ತೆ ಕೋಣೆಗೆ ಬಿಡುತ್ತದೆ. ಹೊರಗಿನ ಪೆಟ್ಟಿಗೆಯು ಆ ಶಾಖವನ್ನು ಬೀದಿಗೆ ಚೆಲ್ಲುತ್ತದೆ. ನಾವು ಮನೆಗಳಲ್ಲಿ ಕಾಣುವ ಸ್ಪ್ಲಿಟ್ ಏಸಿಗಳು ಸಾಮಾನ್ಯವಾಗಿ ಹೊರಗಿನ ಗಾಳಿಯನ್ನು ಒಂದು ಬೊಗಸೆಯಷ್ಟೂ ಒಳಗೆ ತರುವುದಿಲ್ಲ.

ಈ ಯಂತ್ರವು ಹುಟ್ಟಿದ್ದೂ ಮನುಷ್ಯನ ಉಸಿರಾಟಕ್ಕಾಗಿ ಅಲ್ಲ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗುವ ಬಣ್ಣಗಳು ಕೂಡಿಬರುತ್ತಿರಲಿಲ್ಲ. ಆ ತೇವವನ್ನು ಹದ್ದಿನಲ್ಲಿ ಇಡುವುದಕ್ಕೆ ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರನು ರೂಪಿಸಿದ ವ್ಯವಸ್ಥೆಯೇ ಇಂದಿನ ಏಸಿಯ ಮೂಲ. ಕಾಗದದ ಸುಖಕ್ಕೆ ಹುಟ್ಟಿದ್ದು ಮನುಷ್ಯರ ಸುಖಕ್ಕೆ ಬಂದು ಸೇರಿತು. ಅಂಗಡಿಯವರು 'ಒಂದು ಟನ್', 'ಒಂದೂವರೆ ಟನ್' ಎನ್ನುವುದು ಯಂತ್ರದ ತೂಕವಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. 2000 ಪೌಂಡು, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆಯು 24 ತಾಸಿನಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರುವುದೋ ಅದಕ್ಕೆ ಒಂದು ಟನ್ ಎಂದು ಹೆಸರು. ಮಂಜುಗಡ್ಡೆ ಮಾರುತ್ತಿದ್ದ ಕಾಲದ ಲೆಕ್ಕ ಇನ್ನೂ ಉಳಿದುಕೊಂಡಿದೆ.

ಒಳಗಿನ ಗಾಳಿಯೇ ತಿರುತಿರುಗಿ ಸುತ್ತಿದರೆ ಕೆಡುವುದೇನು? ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ ಇಂಗಾಲದ ಡೈಆಕ್ಸೈಡು ಸುಮಾರು 420 ಭಾಗವಿದ್ದರೆ, ನಾವು ಬಿಡುವ ಉಸಿರಿನಲ್ಲಿ ಅದು ಸುಮಾರು 40,000 ಭಾಗ. ಮೂವರು ಮಲಗಿದ ಚಿಕ್ಕ ಕೋಣೆಯ ಬಾಗಿಲು ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿದರೆ ಬೆಳಗಾಗುವುದರೊಳಗೆ ಆ ಪ್ರಮಾಣ 2000ವನ್ನು ಸುಲಭವಾಗಿ ದಾಟುತ್ತದೆ. ಇದರಿಂದ ಪ್ರಾಣಕ್ಕೆ ಅಪಾಯವಿಲ್ಲ. ಆದರೆ ತಲೆಭಾರ, ಜಡತ್ವ, ಎಂಟು ತಾಸು ಮಲಗಿಯೂ ನಿದ್ರೆ ಸಾಲದ ಭಾವ ಇವೆಲ್ಲ ಬರುತ್ತವೆ. ಮನೆಯಲ್ಲಿ ಒಬ್ಬರಿಗೆ ನೆಗಡಿಯೋ ಕ್ಷಯವೋ ಇದ್ದರಂತೂ ಅವರ ಉಸಿರನ್ನೇ ಎಲ್ಲರೂ ಹಂಚಿಕೊಂಡಂತೆ. ಇದರ ಮೇಲೆ ಸೊಳ್ಳೆ ಬತ್ತಿಯನ್ನೂ ಹಚ್ಚಿಡುವ ಮನೆಗಳಿವೆ. ಒಂದು ಬತ್ತಿಯು ಹೊರಸೂಸುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಯಲ್ಲಿ ಇರುವಷ್ಟೆಂದು 2003ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಸೊಳ್ಳೆ ಪರದೆಯನ್ನು ಮರೆತು ನಾವು ಹಿಡಿದ ದಾರಿ ಇದು! ದೇವರ ಮುಂದಿನ ಊದಿನಕಡ್ಡಿಯೂ ಹೊಗೆಯೇ. ಪೂಜೆಯ ವೇಳೆಯಲ್ಲಿ ಕಿಟಕಿಯೊಂದನ್ನು ತೆರೆದಿಟ್ಟರೆ ಭಕ್ತಿಗೆ ಕೊರತೆಯೇನೂ ಆಗದು.

ಗಾಳಿಯಾಡದ ಜಾಗದ ಭಯ ನಮ್ಮ ಹಿರಿಯರಿಗೆ ತಿಳಿಯದ್ದಲ್ಲ. ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ ಜೋಳ ತುಂಬುವ ಹಗೇವುಗಳಿದ್ದವು. ನೆಲದೊಳಗೆ ಮುಚ್ಚಿದ ಕಾಳು ತಾನೂ ಉಸಿರಾಡುತ್ತದೆ. ತಿಂಗಳುಗಟ್ಟಲೆ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕೆಲವು ತಾಸು ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ದೀಪ ಆರಲಿಲ್ಲವೆಂದರೆ ಮಾತ್ರ ಆಳು ಇಳಿಯಬೇಕು. ಅವಸರಪಟ್ಟು ಇಳಿದು ಮೇಲೆ ಬಾರದವರ ಸುದ್ದಿಯನ್ನು ನಾವು ಚಿಕ್ಕಂದಿನಲ್ಲಿ ಕೇಳಿದ್ದುಂಟು.

ಮನೆಯ ವಿಷಯದಲ್ಲಿಯೂ ಆ ಎಚ್ಚರ ಇತ್ತು. ನಾವು ಓದಿದ ಮಠದ ಗೋಡೆಗಳು ಒಂದು ಮೊಳಕ್ಕೂ ಹೆಚ್ಚು ದಪ್ಪ. ಮೇಲೆ ಜಂತಿ ಹಾಕಿ ಮಣ್ಣು ಮುಚ್ಚಿದ ಮಾಳಿಗೆ. ವೈಶಾಖದ ಬಿಸಿಲು ಆ ಗೋಡೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸೂರ್ಯ ಮುಳುಗಿರುತ್ತಿದ್ದ. ನೆತ್ತಿಯಲ್ಲಿ ಬೆಳಕಿಂಡಿ. ಬಿಸಿಗಾಳಿ ಹಗುರವಾದುದರಿಂದ ಮೇಲೇರಿ ಅಲ್ಲಿಂದ ಹೊರಗೆ ಹೋಗುತ್ತಿತ್ತು; ಕೆಳಗೆ ಬಾಗಿಲಿನಿಂದ ಹೊಸ ಗಾಳಿ ಬರುತ್ತಿತ್ತು. ಆದರೆ ಹಳೆಯದೆಲ್ಲವೂ ಚಿನ್ನವೆಂದು ನಾವು ಹೇಳಲಾರೆವು. ಅಂಥ ಮನೆಗಳ ಅಡಿಗೆಮನೆಯಲ್ಲಿ ಹಸಿ ಕಟ್ಟಿಗೆ, ಕುಳ್ಳು ಉರಿಸಿ ಊದುಗೊಳವೆ ಹಿಡಿದ ತಾಯಂದಿರ ಕಣ್ಣುಗಳನ್ನು ನೆನೆದರೆ ಆ ಮಾತು ಬಾಯಿಗೆ ಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರದವರು ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸುವ ಒಲೆಯನ್ನು ರೂಪಿಸಿ ಹಳ್ಳಿಗಳಿಗೆ ಕೊಟ್ಟದ್ದೂ, 2016ರಿಂದ ಉಜ್ವಲಾ ಯೋಜನೆಯಲ್ಲಿ ಬಡ ಮನೆಗಳಿಗೆ ಅನಿಲದ ಸಂಪರ್ಕ ಬಂದದ್ದೂ ನಮ್ಮ ದೃಷ್ಟಿಯಲ್ಲಿ ಯಾವ ಏಸಿಗಿಂತಲೂ ದೊಡ್ಡ ಉಪಕಾರಗಳು.

ಇನ್ನು ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿ. ತಾಯಂದಿರು ಇದನ್ನು ಲಕ್ಷ್ಯಗೊಟ್ಟು ಓದಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಕಿರಿಯ ಮಗಳು ಬಾಣಂತನಕ್ಕೆ ಬಂದಿದ್ದಳು. ಡಿಸೆಂಬರದ ಚಳಿ. ಮಗನು ಹೊಸದಾಗಿ ಕಟ್ಟಿಸಿದ ಮೇಲಿನ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟೆವು. ಕಾಂಕ್ರೀಟಿನ ಛತ್ತು, ಅಲ್ಯೂಮಿನಿಯಮ್ ಚೌಕಟ್ಟಿನ ಗಾಜಿನ ಕಿಟಕಿ; ಏಸಿಯ ತಂಪು ಸೋರಬಾರದೆಂದು ಎಲ್ಲಿಯೂ ಸಂದು ಬಿಡದೆ ಕಟ್ಟಿದ ಕೋಣೆ ಅದು. ಬಾಣಂತಿಯ ಆರೈಕೆಗೆ ಹಳ್ಳಿಯಿಂದ ನಮ್ಮ ಅಕ್ಕ ಬಂದಿದ್ದಳು. ಎಷ್ಟೋ ಮನೆಗಳ ಬಾಣಂತನ ಮಾಡಿದ ಕೈ ಅವಳದು. ಪದ್ಧತಿಯಂತೆ ಶೆಗಡಿಯಲ್ಲಿ ಇದ್ದಿಲ ಕೆಂಡ ತುಂಬಿ ಹೊರಸಿನ ಕೆಳಗೆ ಇಟ್ಟಳು. ಗಾಳಿ ತಾಕಬಾರದೆಂದು ಬಾಗಿಲ ಕೆಳಗೆ ಹಳೆಯ ಸೀರೆಯನ್ನು ತುರುಕಿದಳು. ಎರಡನೆಯ ದಿನ ಸಂಜೆ ಮಗಳು ತಲೆ ಸಿಡಿಯುತ್ತದೆ, ವಾಂತಿ ಬರುವಂತಾಗುತ್ತದೆ ಎಂದಳು. ಥಂಡಿಯಾಗಿದೆಯೆಂದು ಅಕ್ಕ ಇನ್ನಷ್ಟು ಕೆಂಡ ತರಲು ಎದ್ದಳು. ಕೂಸು ಮಂಕಾಗಿ ಮಲಗಿತ್ತು, ಮೊಲೆಯನ್ನು ಹಿಡಿಯುತ್ತಿರಲಿಲ್ಲ. ಅಷ್ಟರಲ್ಲಿ ಶಾಲೆಯಿಂದ ಬಂದ ನಮ್ಮ ಸೊಸೆ ಮೇಲೆ ಹೋದಳು. ಅವಳು ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿ. ಬಾಗಿಲಲ್ಲಿ ನಿಂತವಳೇ, "ದೊಡ್ಡತ್ತಿ, ಮೊದಲ ಕೆಂಡ ಹೊರಗ ಒಯ್ಯೋಣ, ಆಮ್ಯಾಲ ಮಾತಾಡೋಣ" ಎಂದು ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು, ತಾಯಿ ಮಗುವನ್ನು ಹೊರಗೆ ಕರೆತಂದು, ಕೂಡಲೇ ಆಸ್ಪತ್ರೆಗೆ ಒಯ್ದಳು. ಇಬ್ಬರಿಗೂ ಆಮ್ಲಜನಕ ಕೊಟ್ಟರು. ಮರುದಿನ ಕೂಸು ಅತ್ತಿತು. ಆ ಅಳುವಿನಷ್ಟು ಇಂಪಾದ ಧ್ವನಿಯನ್ನು ನಾವು ಕೇಳಿಲ್ಲ.

ಉರಿಯುವ ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣುತ್ತಿಲ್ಲ ಎಂಬ ಧೈರ್ಯಕ್ಕೆ ಅರ್ಥವಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಇದೆಯಲ್ಲ, ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಅಪ್ಪಿಕೊಳ್ಳುತ್ತದೆ. ಉಸಿರಾಟ ನಡೆದೇ ಇರುತ್ತದೆ, ಪ್ರಾಣವಾಯು ಮಾತ್ರ ದೇಹಕ್ಕೆ ಮುಟ್ಟುವುದಿಲ್ಲ. ತಲೆನೋವು, ಓಕರಿಕೆ, ಮಂಪರು. ಆ ಮಂಪರಿನಲ್ಲಿಯೇ ಎದ್ದು ಬಾಗಿಲು ತೆರೆಯುವ ಶಕ್ತಿ ಉಡುಗುತ್ತದೆ. ಹಗೇವಿನ ಕಂದೀಲು ಇಲ್ಲಿ ಉಪಯೋಗಕ್ಕೆ ಬಾರದು. ದೀಪ ಚೆನ್ನಾಗಿ ಉರಿಯುತ್ತಿರುವಾಗಲೇ ಮನುಷ್ಯ ಕುಸಿಯಬಹುದು.

ಆ ರಾತ್ರಿ ಅಕ್ಕ ಊಟ ಮಾಡಲಿಲ್ಲ. "ಇಷ್ಟು ವರ್ಷ ನಾ ಮಾಡಿದ್ದೆಲ್ಲಾ ತಪ್ಪೇನೋ ತಮ್ಮಾ?" ಎಂದು ಕೇಳಿದಳು. ನಿನ್ನ ಕೈ ಬದಲಾಗಿಲ್ಲ, ಮನೆ ಬದಲಾಗಿದೆ. ಹಳ್ಳಿಯ ಮನೆಯಲ್ಲಿ ಹೊರಸಿನ ನೆತ್ತಿಗೆ ಬೆಳಕಿಂಡಿ ಇತ್ತು, ಇಲ್ಲಿ ಇಲ್ಲ ಎಂದು ನಾವು ಹೇಳಿದೆವು. ಅದು ನಿಜವೇ. ಆದರೆ ಬೆಳಕಿಂಡಿಗೂ ಚಳಿಗಾಲದಲ್ಲಿ ಹಂಚು ಮುಚ್ಚುತ್ತಿದ್ದರು. ಹಿಂದಿನ ಕಾಲದಲ್ಲಿ ದೃಷ್ಟಿ ತಾಕಿತೆಂದು ಮಣ್ಣು ಮಾಡಿದ ಕೂಸುಗಳಲ್ಲಿ ಎಷ್ಟಕ್ಕೆ ಈ ಕೆಂಡವೇ ಕಾರಣವಾಗಿತ್ತೋ ಯಾರು ಬಲ್ಲರು! ಆ ಮಾತನ್ನು ನಾವು ಅವಳ ಮುಂದೆ ಆಡಲಿಲ್ಲ.

ಬಾಣಂತಿಗೂ ಕೂಸಿಗೂ ಬೆಚ್ಚಗಿರಬೇಕೆಂಬುದು ಸರಿಯೇ. ಅದಕ್ಕೆ ಎಣ್ಣೆ ತುಂಬಿದ ವಿದ್ಯುತ್ ಹೀಟರುಗಳಿವೆ. ಅವುಗಳಲ್ಲಿ ಏನೂ ಉರಿಯುವುದಿಲ್ಲವಾದ್ದರಿಂದ ಈ ಅನಿಲದ ಭಯವಿಲ್ಲ. ಹೊದಿಕೆಯಿಂದ ದೂರವಿಟ್ಟು, ಕಿಟಕಿಯನ್ನು ನಾಲ್ಕು ಬೆರಳಿನಷ್ಟು ತೆರೆದಿಟ್ಟರೆ ಸಾಕು. ಅದಿಲ್ಲದಿದ್ದರೆ ಉಣ್ಣೆಯ ಟೊಪ್ಪಿಗೆ, ಕಾಲುಚೀಲ, ಎಲ್ಲಕ್ಕಿಂತ ಮಿಗಿಲಾಗಿ ತಾಯಿಯ ಮೈಯ ಬಿಸುಪು ಇದೆ. ಬಚ್ಚಲುಮನೆಯ ಗ್ಯಾಸ್ ಗೀಜರಿನದೂ ಇದೇ ಕಥೆ. ಚಿಕ್ಕ ಬಚ್ಚಲು, ಮುಚ್ಚಿದ ಬಾಗಿಲು, ಒಳಗೆ ಉರಿಯುವ ಅನಿಲ. ಸ್ನಾನಕ್ಕೆ ಹೋದವರು ಹೊರಗೆ ಬಾರದ ಸುದ್ದಿ ಪ್ರತಿ ಚಳಿಗಾಲದಲ್ಲಿಯೂ ಪತ್ರಿಕೆಗಳಲ್ಲಿ ಬರುತ್ತಿದೆ. ಗ್ಯಾಸ್ ಗೀಜರನ್ನು ಬಚ್ಚಲಿನ ಹೊರಗೆ, ಬಯಲಿಗೆ ತೆರೆದ ಜಾಗದಲ್ಲಿ ಕೂಡಿಸಿ ಬಿಸಿನೀರಿನ ಕೊಳವೆಯನ್ನು ಮಾತ್ರ ಒಳಗೆ ತರತಕ್ಕದ್ದು. ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ಬೇಸಿಗೆಯ ಮಾತಿಗೆ ಮರಳೋಣ. ಕಲಬುರಗಿ, ರಾಯಚೂರು, ವಿಜಯಪುರಗಳಂಥ ಒಣ ಸೀಮೆಗೆ ಏಸಿಗಿಂತ ಕೂಲರೇ ಹೆಚ್ಚು ಒಪ್ಪುತ್ತದೆ ಎಂಬುದು ನಮ್ಮ ಅಭಿಪ್ರಾಯ. ವಿಜಯಪುರದ ಸಮೀಪದ ಕುಮಟಗಿಯಲ್ಲಿ ಆದಿಲಶಾಹಿ ಅರಸರು ಕಟ್ಟಿಸಿದ ಜಲಮಂಟಪಗಳನ್ನು ನೋಡಿದವರಿಗೆ ಇದರ ತತ್ತ್ವ ಬೇಗ ತಿಳಿಯುತ್ತದೆ. ಒಂದು ಲೀಟರು ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಶಾಖ ಬೇಕು. ನೀರು ಆ ಶಾಖವನ್ನು ಗಾಳಿಯಿಂದಲೇ ಕಸಿದುಕೊಳ್ಳುತ್ತದೆ. ಮೇ ತಿಂಗಳಿನ 42 ಡಿಗ್ರಿಯ ಒಣಗಾಳಿ ಕೂಲರಿನ ಒದ್ದೆ ಹುಲ್ಲನ್ನು ಹಾಯ್ದು ಬರುವಾಗ 10–12 ಡಿಗ್ರಿ ಇಳಿಯುವುದು ಸಾಮಾನ್ಯ. ಮಂಗಳೂರಿನಲ್ಲಿ ಈ ಆಟ ನಡೆಯದು. ಅಲ್ಲಿಯ ಗಾಳಿ ಮೊದಲೇ ನೀರು ಕುಡಿದು ತಣಿದಿರುತ್ತದೆ. ಕೂಲರನ್ನು ಕಿಟಕಿಯ ಹೊರಗೆ ಇಟ್ಟು ಎದುರಿನ ಬಾಗಿಲನ್ನೋ ಕಿಟಕಿಯನ್ನೋ ತೆರೆದಿಡಬೇಕು. ಅದು ಹೊರಗಿನ ಗಾಳಿಯನ್ನೇ ತಂಪು ಮಾಡಿ ಒಳಗೆ ನೂಕುತ್ತದೆ, ಹಳೆಯ ಗಾಳಿಗೆ ಹೊರಡಲು ದಾರಿ ಬೇಕು. ಏಸಿಯಂತೆ ಕೋಣೆ ಮುಚ್ಚಿ ಕೂಲರು ಹಚ್ಚಿ, "ಮೈಯೆಲ್ಲ ಅಂಟು" ಎಂದು ದೂರುವವರು ಈ ಒಂದು ಸೂಕ್ಷ್ಮವನ್ನು ಅರಿಯದವರು. ಅದರ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಬೇಕು, ಇಲ್ಲದಿದ್ದರೆ ಡೆಂಗೀ ಸೊಳ್ಳೆಗೆ ಅದೇ ತವರುಮನೆ. ನೀರು ಹಾಕುವ ಮುನ್ನ ಪ್ಲಗ್ ಕೀಳುವುದನ್ನು ಮಕ್ಕಳಿಗೂ ಕಲಿಸಿರಬೇಕು.

ಏಸಿ ಬೇಡವೆಂದು ನಾವು ಹೇಳುತ್ತಿಲ್ಲ. ಹೃದ್ರೋಗಿಗಳು, ಹಾಸಿಗೆ ಹಿಡಿದ ವೃದ್ಧರು ಇರುವ ಮನೆಗೆ ಅದು ಚೈನಿಯಲ್ಲ, ಔಷಧ. 24 ಡಿಗ್ರಿಗೆ ಇಟ್ಟು ಮೇಲೆ ಫ್ಯಾನು ಸಣ್ಣಗೆ ತಿರುಗಿಸಿದರೆ ಸಾಕು. 2020ರಿಂದ ನಮ್ಮ ದೇಶದಲ್ಲಿ ಮಾರುವ ಏಸಿಗಳಿಗೆ ತಾನಾಗಿ 24ಕ್ಕೆ ನಿಲ್ಲುವಂತೆ ನಿಯಮವಾಗಿದೆ. ಒಂದೊಂದು ಡಿಗ್ರಿ ಮೇಲೇರಿಸಿದರೆ ಶೇಕಡಾ 6ರಷ್ಟು ವಿದ್ಯುತ್ತು ಉಳಿಯುವುದೆಂದು ಸರಕಾರದ ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಒಳಗಿನ ಜಾಳಿಗೆಯನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಿರಿ. ಮಲಗುವ ಮುನ್ನ ಹತ್ತು ನಿಮಿಷ, ಎದ್ದ ಕೂಡಲೇ ಅರ್ಧ ತಾಸು ಕಿಟಕಿಗಳನ್ನು ತೆರೆಯಿರಿ. ಹೊಸ ಮನೆ ಕಟ್ಟಿಸುವವರು ಛತ್ತಿನ ಹತ್ತಿರ ಒಂದು ಚಿಕ್ಕ ವೆಂಟಿಲೇಟರನ್ನು ಗವಂಡಿಗೆ ಹೇಳಿ ಬಿಡಿಸಿಕೊಳ್ಳಬೇಕು. ಏಸಿಯ ತಂಪು ತುಸು ಸೋರಿದರೆ ಸೋರಲಿ. ಗಾಳಿ ಶೋಧಿಸುವ ಯಂತ್ರಗಳನ್ನೂ ಈಗ ಮಾರುತ್ತಾರೆ. ಅವು ಧೂಳನ್ನೂ ಹೊಗೆಯ ಕಣವನ್ನೂ ಹಿಡಿಯಬಲ್ಲವು. ಕೆಂಡದ ವಿಷಾನಿಲವನ್ನು ಹಿಡಿಯಲಾರವು.

ಇವೆಲ್ಲಕ್ಕೂ ಮೊದಲು ಮಾಡಬಹುದಾದ ಅಗ್ಗದ ಕೆಲಸವೊಂದಿದೆ. ಕಾಂಕ್ರೀಟಿನ ಛತ್ತಿಗೆ ಯುಗಾದಿಯ ಒಳಗೆ ಬಿಳಿ ಸುಣ್ಣ ಬಳಿಸುವುದು. ಬಿಸಿಲಿನ ಬಹುಪಾಲನ್ನು ಬಿಳುಪು ಹಿಂದಕ್ಕೆ ತಿರುಗಿಸುತ್ತದೆ, ಕೆಳಗಿನ ಕೋಣೆಯ ಕಾವು ಕೈಗೆ ತಿಳಿಯುವಷ್ಟು ಇಳಿಯುತ್ತದೆ. ಸುಣ್ಣ ಕಿತ್ತು ಬಾರದಂತೆ ತುಸು ಅಂಟು ಕಲಸಿ ಎರಡು ಸಲ ಬಳಿಯಬೇಕು. ಮಳೆಗಾಲ ಅದನ್ನು ತೊಳೆದು ಹಾಕುತ್ತದೆ. ಮುಂದಿನ ಫಾಲ್ಗುಣದಲ್ಲಿ ಮತ್ತೆ ಬಳಿಸಿದರಾಯಿತು.